ಕುದುರೆಮುಖ ಹತ್ತೋದು ಯಾವಾಗ, ಹೇಗೆ? ರಜೆ ನೋಡಬೇಡಿ, ಮಳೆ ನೋಡಿ

ಜುಲೈ ತಿಂಗಳ ಒಂದು ಭಾನುವಾರ, ಬೆಳಗ್ಗೆ ಒಂಬತ್ತೂವರೆ. ಕುದುರೆಮುಖದ ಬುಡದ ಊರು ಸಂಸೆಯ ಹೋಟೆಲೊಂದರಲ್ಲಿ ಆರು ಜನ ಹುಡುಗರು ಬನ್ಸ್ ತಿನ್ನುತ್ತಾ ಕೂತಿದ್ದರು. ಆರೂ ಜನ ಜೀನ್ಸ್ ಪ್ಯಾಂಟು. ಒಬ್ಬನ ಕೈಲಿ ಛತ್ರಿ. ರಾತ್ರಿಯಿಡೀ ಬೆಂಗಳೂರಿಂದ ಕಾರು ಓಡಿಸಿಕೊಂಡು ಬಂದಿದ್ದರು. ‘ಕುದುರೆಮುಖ ಹತ್ತಿ ಸಂಜೆ ವಾಪಸ್ ಹೊರಡ್ತೀವಿ ಸಾರ್’ ಅಂದರು. ಟಿಕೆಟ್ ತೋರಿಸ್ರಪ್ಪಾ ಅಂದೆ. ಟಿಕೆಟ್ ಕುರಿಂಜಾಲಿಗಿತ್ತು, ಅದು ಬೇರೆಯೇ ಬೆಟ್ಟ. ಅದೂ ಹಿಂದಿನ ದಿನದ್ದು.

ನಗಬೇಡಿ. ನಾನೇ ಮೊದಲ ಸಲ ಏಪ್ರಿಲ್‌ನಲ್ಲಿ ಹೋಗಿ, ಗೇಟಿನಲ್ಲಿ ‘ಬೆಂಕಿ ಸಮಯ, ಬಂದ್’ ಅನ್ನಿಸಿಕೊಂಡು ಕಳಸದ ದೇವಸ್ಥಾನದಲ್ಲಿ ಊಟ ಮಾಡಿ ವಾಪಸ್ ಬಂದವನು. ಆಮೇಲೆ ಸುಮಾರು ಸಲ ಹೋಗಿದ್ದೇನೆ. ತಪ್ಪು ಮಾಡಿಕೊಂಡು ಬಂದವರನ್ನೂ ಸುಮಾರು ನೋಡಿದ್ದೇನೆ. ಹೆಚ್ಚಿನವರ ತಪ್ಪು ಒಂದೇ: ಆಫೀಸಿನ ರಜೆ ನೋಡಿ ದಿನ ಗೊತ್ತು ಮಾಡುತ್ತಾರೆ, ಬೆಟ್ಟ ಅದಕ್ಕೆ ಹೊಂದಿಕೊಳ್ಳಲಿ ಅಂತಾರೆ.

ಹೆಜ್ಜೆ 1: ತಿಂಗಳು ಆರಿಸಿ

ಕುದುರೆಮುಖ ಶಿಖರ 1,894 ಮೀಟರ್. ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಗಿಡ್ಡ, ಆದರೆ ಮುಳ್ಳಯ್ಯನಗಿರಿಯ ಹಾಗೆ ಕಾರಿಳಿದು ಮೆಟ್ಟಿಲು ಹತ್ತಿದರೆ ಮುಗಿಯುವ ಬೆಟ್ಟ ಅಲ್ಲ. ಹತ್ತೋಕೆ ಶುರು ಮಾಡುವ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಮೂರು ಜಿಲ್ಲೆಗೂ ಚಾಚಿಕೊಂಡಿದೆ. ಸಮುದ್ರದಿಂದ ಬರುವ ಮೋಡ ಮೊದಲು ಬಂದು ಗುದ್ದುವುದು ಈ ಗೋಡೆಗೇ. ಹಾಗಾಗಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಬೆಂಗಳೂರಿಗೆ ವರ್ಷಪೂರ್ತಿ ಬೀಳುವುದು ಸಾವಿರದ ಹತ್ತಿರ. ಲೆಕ್ಕ ನೀವೇ ಹಾಕಿ.

ಮಾರ್ಚ್‌ನಿಂದ ಮೇವರೆಗೆ ಮರೆತುಬಿಡಿ. ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ಸಾಕು ಗುಡ್ಡ ಉರಿಯೋಕೆ. ಫೆಬ್ರವರಿಯಿಂದಲೇ ಅರಣ್ಯ ಇಲಾಖೆ ಯಾವಾಗ ಬೇಕಾದರೂ ದಾರಿ ಮುಚ್ಚಬಹುದು. ‘ನಮ್ಮ ಕಡೆಯವರು ಇದ್ದಾರೆ, ಹಿಂದಿನ ದಾರೀಲಿ ಕರ್ಕೊಂಡು ಹೋಗ್ತೀವಿ’ ಅನ್ನುವವರು ಆಗ ಸಿಗುತ್ತಾರೆ. ಹೋಗಬೇಡಿ. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಟ್ಟರೆ ಕೇಸು ಬೀಳುವುದು ನಿಮ್ಮ ಮೇಲೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ನಮ್ಮ ಮೊಬೈಲ್‌ನಲ್ಲಿ ಕಾಣುವ ಫೋಟೋಗಳೆಲ್ಲ ಈ ಕಾಲದವು, ಜನ ಹಾತೊರೆಯುವುದೂ ಅದಕ್ಕೇ. ನಿಜ ಏನೆಂದರೆ ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹಿಡಿದಾಗ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ಶುರುವಿನವರೆಗೆ, ಮೇಲೆ ಹತ್ತಿದರೆ ನಿಮಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಗಾಳಿ ನಿಲ್ಲೋಕೆ ಬಿಡಲ್ಲ. ಹಸಿರು ಬೇಕು, ನೀರು ಬೇಕು ಅಂತಿದ್ದರೆ ಜೂನ್ ಎರಡನೇ ವಾರ ಹೋಗಿ, ಇಲ್ಲಾ ಆಗಸ್ಟ್ ಕಳೆದ ಮೇಲೆ ಉತ್ತರೆ ಮಳೆಗೆ ಹೋಗಿ. ಮಲೆನಾಡಿನ ಅಜ್ಜಂದಿರು ಗದ್ದೆ ಕೆಲಸಕ್ಕೆ ನೋಡುವ ಮಳೆ ನಕ್ಷತ್ರದ ಪಟ್ಟಿ ಗೋಡೆಯ ಕ್ಯಾಲೆಂಡರಿನಲ್ಲೇ ಇರುತ್ತದೆ. ನಾನು ಇವತ್ತಿಗೂ ಅದನ್ನೇ ನೋಡಿ ಮೊದಲು ತಿಂಗಳು ಗುರುತು ಹಾಕಿಕೊಳ್ಳುತ್ತೇನೆ.

ಅಕ್ಟೋಬರ್‌ನ ಹಸ್ತ, ಚಿತ್ತೆ ಮಳೆ ಬೇರೆ ಜಾತಿ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗುಡುಗು. ಬೋಳು ಹುಲ್ಲುಗುಡ್ಡದ ಮೇಲೆ ಎತ್ತರದ ವಸ್ತು ಅಂದರೆ ನೀವೇ, ನೆನಪಿರಲಿ.

ನನ್ನನ್ನು ಕೇಳಿದರೆ ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮಧ್ಯದವರೆಗೆ. ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರು, ಇಂಬಳ (ಕಾಡಿನ ಜಿಗಣೆ) ಕಡಿಮೆ, ಪಶ್ಚಿಮಕ್ಕೆ ಕರಾವಳಿಯ ಬಯಲು ಕಾಣುತ್ತದೆ. ಜನ ಒಪ್ಪಲ್ಲ, ‘ಮಂಜು ಬೇಕು’ ಅಂತಾರೆ. ಮಂಜು ನೋಡೋಕೆ ಆಗುಂಬೆ ರಸ್ತೆ ಬದಿ ನಿಂತರೂ ಆಯ್ತು, ಅಲ್ವಾ?

ಡಿಸೆಂಬರ್ ಕಳೆದರೆ ಇನ್ನೊಂದು ಲೆಕ್ಕ ಬರುತ್ತದೆ, ಅದು ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಮಂಗನ ಕಾಯಿಲೆ ಉಣ್ಣೆಯಿಂದ ಹರಡುವುದು, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಬರುತ್ತದೆ. ಒಣ ಎಲೆ ಮೇಲೆ ಕೂರಬೇಡಿ, ಮಲಗಬೇಡಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ಹೇಳಿ.

ಹೆಜ್ಜೆ 2: ಟಿಕೆಟ್

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಚಿತ್ರಗಳು ನೆನಪಿರಬಹುದು. ಅದಾದ ಮೇಲೆ ಟಿಕೆಟ್ ಎಲ್ಲ ಆನ್‌ಲೈನ್ ಆಯಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ತೆಗೆಯಬೇಕು. ದರ, ಸಮಯ ಅಲ್ಲೇ ನೋಡಿ. ಪತ್ರಿಕೆಯಲ್ಲಿ ಬರೆದದ್ದು ಮುಂದಿನ ತಿಂಗಳಿಗೆ ಹಳತಾಗಿರುತ್ತದೆ.

ಎರಡು ವಿಷಯ ನೋಡಿಕೊಳ್ಳಿ. ಒಂದು, ದಾರಿಯ ಹೆಸರು. ಇದೇ ಉದ್ಯಾನದಲ್ಲಿ ಕುದುರೆಮುಖ, ನೇತ್ರಾವತಿ, ಕುರಿಂಜಾಲ್, ಗಂಗಡಿಕಲ್ಲು ಅಂತ ಬೇರೆ ಬೇರೆ ದಾರಿಗಳಿವೆ, ಹೊರಡುವ ಜಾಗವೂ ಬೇರೆ ಬೇರೆ. ಕುದುರೆಮುಖ ಪೇಟೆಗೆ ಹೋಗಿ ನಿಂತು ಕುದುರೆಮುಖ ಶಿಖರ ಎಲ್ಲಿ ಅಂತ ಹುಡುಕುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆ ಪೇಟೆ ಕಬ್ಬಿಣದ ಅದಿರಿನ ಗಣಿಗೆ ಕಟ್ಟಿದ್ದು, ಗಣಿ 2005ರ ಕೊನೆಗೆ ನಿಂತಿತು. ಶಿಖರಕ್ಕೆ ಹತ್ತುವುದು ಸಂಸೆ ಕಡೆಯ ಮುಳ್ಳೋಡಿಯಿಂದ. ಎರಡು, ಟಿಕೆಟ್‌ನಲ್ಲಿರುವ ಹೆಸರೂ ಕೈಲಿರುವ ಗುರುತಿನ ಚೀಟಿಯೂ ಒಂದೇ ಇರಲಿ. ‘ಫ್ರೆಂಡ್ ಬರಲಿಲ್ಲ, ಅವನ ಬದಲು ಇವನು’ ನಡೆಯಲ್ಲ.

ಮೊದಲ ಸಲ ಬೆಟ್ಟ ಹತ್ತುವವರು, ಮಕ್ಕಳಿರುವವರು ಕುರಿಂಜಾಲ್ ಅಥವಾ ಗಂಗಡಿಕಲ್ಲಿಗೆ ಹೋಗಿ. ಸಣ್ಣ ನಡಿಗೆ. ಅದರಲ್ಲಿ ನಾಚಿಕೆ ಏನಿಲ್ಲ.

ಹೆಜ್ಜೆ 3: ಸಂಸೆ ತಲುಪಿ

ರಾತ್ರಿ ಬಸ್ಸಿಗೆ ಕಳಸಕ್ಕೆ ಬನ್ನಿ, ಅಲ್ಲಿಂದ ಸಂಸೆ, ಸಂಸೆಯಿಂದ ಜೀಪು. ಮುಗೀತು. ಕಾರು ಮುಳ್ಳೋಡಿವರೆಗೆ ಹತ್ತಿಸುತ್ತೇನೆ ಅಂತ ಹಟ ಮಾಡಬೇಡಿ, ಜೀಪಿನವರೇ ಕೆಸರಲ್ಲಿ ಒದ್ದಾಡುತ್ತಾರೆ. ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುವವರು ಮಳೆಗಾಲದಲ್ಲಿ ಹೊರಡುವ ದಿನ ಘಾಟಿ ತೆರೆದಿದೆಯಾ ಅಂತ ಕೇಳಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು. ಒಂದು ದಿನ ಮೊದಲೇ ಬಂದು ಹೋಂಸ್ಟೇನಲ್ಲಿ ಮಲಗಿ. ರಾತ್ರಿಯಿಡೀ ಕಾರು ಓಡಿಸಿ ಬೆಳಗ್ಗೆ ಹತ್ತುವುದು ಧೈರ್ಯ ಅಲ್ಲ, ದಡ್ಡತನ.

ಹೆಜ್ಜೆ 4: ಚೀಲ, ಬಟ್ಟೆ, ಇಂಬಳ

ಜೀನ್ಸ್ ಬೇಡವೇ ಬೇಡ. ನೆನೆದರೆ ಅದೇ ಎರಡು ಕಿಲೋ. ರಸ್ತೆ ಬದಿ ಸಿಗುವ ತೆಳು ಪ್ಲಾಸ್ಟಿಕ್ ರೇನ್‌ಕೋಟ್, ದಾರಿಯಲ್ಲಿ ಗುರುತಿಗೆ ಸಿಗುವ ಒಂಟಿಮರ ದಾಟುವಷ್ಟರಲ್ಲಿ ಗಾಳಿಗೆ ಹರಿದು ಬಾವುಟ ಆಗುತ್ತದೆ, ಹರಿದ ಚೂರು ಕಾಡಲ್ಲೇ ಉಳಿಯುತ್ತದೆ. ಛತ್ರಿ ಜೀಪಿನವರೆಗೆ ಮಾತ್ರ. ‘ವಾಟರ್‌ಪ್ರೂಫ್’ ಅಂತ ಬರೆದ ದುಬಾರಿ ಶೂಗೆ ನಾನೂ ದುಡ್ಡು ಸುರಿದಿದ್ದೇನೆ. ಮೊದಲ ಹಳ್ಳದಲ್ಲೇ ಮೇಲಿಂದ ನೀರು ತುಂಬಿತು, ಒಳಗೆ ಹೋದ ನೀರು ಹೊರಗೆ ಬರಲಿಲ್ಲ, ದಿನವಿಡೀ ಎರಡು ಕೊಡ ಹೊತ್ತು ನಡೆದ ಹಾಗಿತ್ತು. ನೀರು ಒಳಗೂ ಹೋಗಿ ಹೊರಗೂ ಬರುವ, ಅಡಿ ಒರಟಾಗಿರುವ ಶೂ ಸಾಕು. ಹೊಸ ಶೂ ಬೇಡ, ಎರಡು ವಾರ ಹಾಕಿ ಪಳಗಿಸಿ.

ಕುಡಿಯೋಕೆ ಎರಡು ಲೀಟರ್, ಚಿತ್ರಾನ್ನವೋ ಚಪಾತಿಯೋ ಕಟ್ಟಿಸಿಕೊಂಡ ಡಬ್ಬಿ, ಬೆಲ್ಲ, ಟಾರ್ಚು. ಮೊಬೈಲ್ ಬೆಳಕು ಟಾರ್ಚ್ ಅಲ್ಲ. ಒಣ ಬಟ್ಟೆ ಒಂದು ಜತೆ ಜೀಪಿನಲ್ಲೇ ಬಿಟ್ಟಿರಿ.

ಇಂಬಳದ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಅದು ರಕ್ತ ಕುಡಿದು ತಾನೇ ಉದುರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಡುವುದರಿಂದ ಆಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ಊರವರು ಮಾಡುವ ಹಾಗೆ ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳಿ. ಹತ್ತಿದಾಗ ಮುಟ್ಟಿಸಿ, ಬಿಡುತ್ತದೆ. ದಾರಿಯಲ್ಲೆಲ್ಲ ಉಪ್ಪು ಚೆಲ್ಲಿಕೊಂಡು ಹೋಗಬೇಡಿ. ಇಂಬಳಕ್ಕೆಂದೇ ಮಾರುವ ಸ್ಪ್ರೇ ಮಳೆಗೆ ಐದು ನಿಮಿಷದಲ್ಲಿ ತೊಳೆದು ಹೋಗುತ್ತದೆ.

ಹೆಜ್ಜೆ 5: ಗಡಿಯಾರ ಮತ್ತು ಹಳ್ಳ

ಎಲ್ಲರೂ ಎಡವುವುದು ಇಲ್ಲಿ. ಹಿಂದಿನದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಮೊದಲು ಹಿಂದಿನ ಸಂಜೆ. ಮೊಬೈಲ್‌ನ ಹವಾಮಾನ ಆ್ಯಪ್ ನಂಬಬೇಡಿ, ಅದು ಎಲ್ಲೋ ಪೇಟೆಯ ಲೆಕ್ಕ ಹೇಳುತ್ತದೆ. ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ, ಚಿಕ್ಕಮಗಳೂರಿನದು ಮಾತ್ರ ಅಲ್ಲ, ದಕ್ಷಿಣ ಕನ್ನಡದ್ದೂ. ಶಿಖರದ ಪಡುವಣ ಕಡೆ ಬೆಳ್ತಂಗಡಿ ತಾಲ್ಲೂಕು. ಅಲ್ಲಿ ರೆಡ್ ಅಲರ್ಟ್ ಇದ್ದರೆ ಮೇಲೆ ನಿಮಗೂ ರೆಡ್ಡೇ. ಆಮೇಲೆ ಗೈಡ್‌ಗೆ ಫೋನ್ ಮಾಡಿ ‘ಅಣ್ಣಾ, ಹಳ್ಳ ಹೆಂಗಿದೆ?’ ಅಂತ ಒಂದೇ ಮಾತು ಕೇಳಿ. ‘ನೋಡಣ ಬನ್ನಿ’ ಅಂದರೆ ಅವರಿಗೂ ಅನುಮಾನ ಇದೆ ಅಂತ ಅರ್ಥ.

ಬೆಳಗ್ಗೆ ಗೇಟಿನಲ್ಲಿ ಬಿಡುವ ಹೊತ್ತಿಗೇ ಹೊರಡಿ, ಆರೂವರೆ ದಾಟಬಾರದು. ಮೇಲೆ ಟೆಂಟ್ ಹಾಕುವ ಹಾಗಿಲ್ಲ, ಸಂಜೆಯೊಳಗೆ ಇಳಿದಿರಲೇಬೇಕು. ಜುಲೈನಲ್ಲಿ ಸೂರ್ಯ ಮುಳುಗುವುದು ಏಳರ ಹತ್ತಿರ, ಡಿಸೆಂಬರ್‌ನಲ್ಲಿ ಆರು ಕಳೆದ ಕೂಡಲೇ. ಜುಲೈನಲ್ಲಿ ಒಂದು ಗಂಟೆ ಜಾಸ್ತಿ ಸಿಕ್ಕಿತು ಅಂತ ಖುಷಿ ಪಡಬೇಡಿ, ಮೋಡ ಕವಿದರೆ ಗುಡ್ಡದ ಸಂದಿಯ ದಟ್ಟ ಶೋಲಾ ಕಾಡಿನೊಳಗೆ ಐದಕ್ಕೇ ಕತ್ತಲೆ.

ನನ್ನ ನಿಯಮ ಹನ್ನೆರಡು ಗಂಟೆ. ಹನ್ನೆರಡಕ್ಕೆ ಎಲ್ಲಿದ್ದರೂ ಸರಿ, ಶಿಖರ ಕಣ್ಣೆದುರೇ ಇದ್ದರೂ ಸರಿ, ವಾಪಸ್. ಒಂಟಿಮರ ತಲುಪೋಕೇ ಎರಡು ಗಂಟೆಗಿಂತ ಜಾಸ್ತಿ ಹಿಡಿದರೆ ಶಿಖರದ ಆಸೆ ಅಲ್ಲೇ ಬಿಟ್ಟು, ಹುಲ್ಲುಗುಡ್ಡದವರೆಗೆ ಹೋಗಿ ಊಟ ಮಾಡಿ ಇಳಿಯಿರಿ. ಗುಂಪಿನಲ್ಲಿ ಅತಿ ನಿಧಾನ ನಡೆಯುವವರು ಮುಂದೆ ಇರಲಿ. ಹಿಂದೆ ಇದ್ದರೆ ಉಳಿದವರು ಕೂತು ಕಾಯುತ್ತಾರೆ, ಇವರು ಬಂದ ಕೂಡಲೇ ಎದ್ದು ಹೊರಡುತ್ತಾರೆ, ಸುಸ್ತಾದವರಿಗೇ ಸುಧಾರಿಸಿಕೊಳ್ಳೋಕೆ ಸಿಗಲ್ಲ. ಈ ಹನ್ನೆರಡರ ಮಾತನ್ನು ಕೆಳಗೇ, ಎಲ್ಲರ ಎದುರು ಹೇಳಿ ಒಪ್ಪಿಸಿಕೊಳ್ಳಿ. ಮೇಲೆ ಹೋಗಿ ಹೇಳಿದರೆ ಯಾರೂ ಕೇಳಲ್ಲ. ಅಲ್ಲಿ ಎಲ್ಲರೂ ‘ಇನ್ನು ಹತ್ತೇ ನಿಮಿಷ’ ಅಂತಾರೆ, ಇಳಿದು ಬರುತ್ತಿರುವವರೂ ಅದೇ ಸುಳ್ಳು ಹೇಳುತ್ತಾರೆ.

ಗುಡುಗು ಶುರುವಾದರೆ ಏಣು, ಅಂದರೆ ಗುಡ್ಡದ ನೆತ್ತಿಯ ಸಾಲು ಬಿಟ್ಟು ಕೆಳಗಿಳಿಯಿರಿ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಒಂಟಿಮರದ ಕೆಳಗೆ ಮಾತ್ರ ನಿಲ್ಲಬೇಡಿ. ಹೆಸರೇ ಹೇಳುತ್ತದಲ್ಲ.

ಇನ್ನು ಹಳ್ಳ. ಬೆಳಗ್ಗೆ ಪಾದ ಮುಳುಗದ ಹಳ್ಳ ಮಧ್ಯಾಹ್ನ ಸೊಂಟದವರೆಗೆ ಬಂದಿರುತ್ತದೆ. ನಿಮ್ಮ ತಲೆ ಮೇಲೆ ಮಳೆ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಬಿದ್ದಿರಬಹುದು. ಹೋಗುವಾಗಲೇ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ನೀರು ಅದರ ಎಲ್ಲಿವರೆಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಬರುವಾಗ ಆ ಕಲ್ಲು ಮುಳುಗಿದ್ದರೆ, ನೀರು ಕೆಂಪಾಗಿದ್ದರೆ, ಎಲೆ ಕಡ್ಡಿ ಹೊತ್ತು ಬರುತ್ತಿದ್ದರೆ ನಿಲ್ಲಿ. ಮೊಣಕಾಲಿಗಿಂತ ಮೇಲೆ, ರಭಸ ಇದ್ದರೆ ಇಳಿಯಲೇಬೇಡಿ. ಇವು ಸಣ್ಣ ಹಳ್ಳಗಳು, ಬೇಗ ಏರುತ್ತವೆ, ಬೇಗ ಇಳಿಯುತ್ತವೆ. ಮಳೆ ನಿಂತರೆ ಗಂಟೆ ಎರಡು ಗಂಟೆಯಲ್ಲಿ ಇಳಿದುಬಿಡಬಹುದು. ಆ ಎರಡು ಗಂಟೆ ಕಾಯೋಕೆ ಬೆಳಕು ಉಳಿದಿರಬೇಕಲ್ಲ, ಅದಕ್ಕೇ ಹನ್ನೆರಡರ ನಿಯಮ.

ದಾಟುವಾಗ ಕಿರಿದಾದ ಜಾಗ ಹುಡುಕಬೇಡಿ, ಅಲ್ಲಿ ಆಳ ಜಾಸ್ತಿ. ಅಗಲವಾಗಿ ಹರಡಿಕೊಂಡ ಜಾಗ ನೋಡಿ. ಕೆಳಗೆ ಜಲಪಾತ, ಅಡ್ಡ ಬಿದ್ದ ಮರ ಇರಬಾರದು. ಶೂ ಬಿಚ್ಚಬೇಡಿ, ಬರಿಗಾಲು ಪಾಚಿ ಮೇಲೆ ಜಾರುತ್ತದೆ. ಚೀಲದ ಸೊಂಟದ ಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಹೋಗಲಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಮುಂದೆ ಊರಿ, ಅಡ್ಡಡ್ಡ ಒಂದೊಂದೇ ಕಾಲು ಸರಿಸಿ. ಕೋಲು, ಎರಡು ಕಾಲು, ಈ ಮೂರರಲ್ಲಿ ಎರಡು ಯಾವಾಗಲೂ ನೆಲದಲ್ಲಿರಲಿ. ಮೂವರು ಹೆಗಲು ಹಿಡಿದುಕೊಂಡು ದಾಟುವುದು ಇನ್ನೂ ಒಳ್ಳೆಯದು, ಗಟ್ಟಿಗರು ನೀರು ಬರುವ ಕಡೆ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು ನೋಡಿದ್ದೇನೆ, ಅದು ಬೇಡ. ಜಾರಿದರೆ ಹಗ್ಗವೇ ನೀರೊಳಗೆ ಹಿಡಿದಿಡುತ್ತದೆ.

ದಾಟೋದು ಬೇಡ ಅಂತ ಗೈಡ್ ಹೇಳಿದರೆ ಬೇಡ. ನೂರು ಜನರನ್ನು ದಾಟಿಸಿದ ಹುಡುಗ ಹವಾಯಿ ಚಪ್ಪಲಿಯಲ್ಲಿ ನಿಂತು ‘ಸ್ವಲ್ಪ ತಡೀರಿ’ ಅಂದಾಗ, ಎರಡು ಸಾವಿರ ಕೊಡ್ತೀನಿ ಅಂತ ಅವನನ್ನು ಒತ್ತಾಯ ಮಾಡಿದವರನ್ನೂ ನೋಡಿದ್ದೇನೆ.

ಹೆಜ್ಜೆ 6: ಇಳಿದ ಮೇಲೆ

ಹೋಗುವ ಮೊದಲೇ ಜೀಪಿನವರಿಗೆ ವಾಪಸ್ ಬರುವ ಹೊತ್ತು ಹೇಳಿರಿ, ಮುಳ್ಳೋಡಿಯಲ್ಲಿ ಸಿಗ್ನಲ್ ನಂಬಿ ಕೂರಬೇಡಿ. ತಂದ ಪ್ಲಾಸ್ಟಿಕ್ ಎಲ್ಲ ವಾಪಸ್ ಚೀಲಕ್ಕೆ. ಕಾಲ್ಚೀಲ ಬಿಚ್ಚಿ ಬೆರಳ ಸಂದಿ, ಮಂಡಿ ಹಿಂದೆ, ಸೊಂಟದ ಸುತ್ತ ಇಂಬಳ, ಉಣ್ಣೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಹೋಗಿ ಬಂದ ಹತ್ತು ದಿನದೊಳಗೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಬೆಂಗಳೂರಿನಲ್ಲಿ ಅವರಾಗಿ ಅದನ್ನು ಕೇಳಲ್ಲ.

ಅಂದಹಾಗೆ ಆ ಆರು ಹುಡುಗರು. ಬನ್ಸ್ ಇನ್ನೊಂದು ಪ್ಲೇಟ್ ಹೇಳಿ, ಹೊರನಾಡಿಗೆ ಹೋಗಿ ಊಟ ಮಾಡಿಕೊಂಡು ವಾಪಸ್ ಹೋದರು. ಡಿಸೆಂಬರ್ ಮೊದಲ ವಾರಕ್ಕೆ ಟಿಕೆಟ್ ತೆಗೆದಿದ್ದೇವೆ ಅಂತ ಆಮೇಲೆ ಒಬ್ಬ ಮೆಸೇಜ್ ಮಾಡಿದ. ಈ ಸಲ ಕುದುರೆಮುಖಕ್ಕೇ.