ಸೆಲ್ಯುಲೈಟಿಸ್ ನೋವು: ಕಾಲು ಕೆಳಗಿಡೋದೇ ಕಷ್ಟ

ಸೆಲ್ಯುಲೈಟಿಸ್ ಅಂದರೆ ಚರ್ಮದ ಆಳಕ್ಕೆ ಇಳಿಯುವ ಬ್ಯಾಕ್ಟೀರಿಯಾ ಸೋಂಕು. ಅದರ ನೋವಿಗೆ ಒಂದು ವಿಚಿತ್ರ ಗುಣ ಇದೆ. ಮಲಗಿ ಕಾಲು ಎತ್ತಿಟ್ಟುಕೊಂಡಿದ್ದರೆ ಅದು ತೆಪ್ಪಗಿರುತ್ತದೆ. ಹಾಸಿಗೆಯಿಂದ ಕಾಲು ಇಳಿಸಿ ನೆಲಕ್ಕೆ ಊರಿದರೆ ಸಾಕು, ಕೆಲವೇ ಸೆಕೆಂಡಿನಲ್ಲಿ ಮೊಣಕಾಲಿನಿಂದ ಕೆಳಗೆ ಕಾದ ಎಣ್ಣೆ ಸುರಿದ ಹಾಗೆ ಉರಿ ಇಳಿಯುತ್ತದೆ. ಚರ್ಮ ಈಗ ಬಿರಿಯುತ್ತೇನೋ ಅನ್ನುವಷ್ಟು ಬಿಗಿತ. ಹಲ್ಲು ಕಚ್ಚಿ ನಿಂತರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಆದರೆ ಆ ಸ್ವಲ್ಪ ಹೊತ್ತು ಇದೆಯಲ್ಲ, ಅದು ಯಾರಿಗೂ ಬೇಡ. ನನಗಂತೂ ಬಚ್ಚಲುಮನೆಗೆ ಹೋಗಿ ಬರುವುದೇ ಲೆಕ್ಕ ಹಾಕಿ ಮಾಡುವ ಕೆಲಸ ಆಗಿಬಿಟ್ಟಿತ್ತು. ಈ ಒಂದು ನೋವನ್ನು ಹೇಗೆ ಪಳಗಿಸಬೇಕು ಅಂತ ಗೊತ್ತಾದ ಮೇಲೆ ಉಳಿದದ್ದೆಲ್ಲ ತಡೆದುಕೊಳ್ಳುವಂಥದ್ದೇ. ಅದಕ್ಕೇ ಇಲ್ಲಿ ಜಾಸ್ತಿ ಅದನ್ನೇ ಬರೆದಿದ್ದೇನೆ.

ಶುರುವಾಗಿದ್ದು ಕಾಲಿನಿಂದಲ್ಲ, ಚಳಿಯಿಂದ. ಮಧ್ಯಾಹ್ನ ಸುಮ್ನೆ ಕೂತಿದ್ದವನಿಗೆ ಹಲ್ಲು ಕಟಕಟ ಅನ್ನುವಷ್ಟು ನಡುಕ ಬಂತು. ಎರಡು ಹೊದಿಕೆ ಹೊದ್ದರೂ ನಿಲ್ಲಲಿಲ್ಲ. ಸಂಜೆ ಹೊತ್ತಿಗೆ ಬಲ ತೊಡೆಯ ಸಂದಿಯಲ್ಲಿ ನೋವು, ಮುಟ್ಟಿದರೆ ಸಣ್ಣ ಗಂಟು. ರಾತ್ರಿ ನೋಡಿದರೆ ಮುಂಗಾಲಿನ ಮೇಲೆ ಅಂಗೈ ಅಗಲ ಕೆಂಪು. ಬೆಳಿಗ್ಗೆಗೆ ಅದು ಮೀನಖಂಡದ ಹಿಂದಕ್ಕೂ ಸುತ್ತಿಕೊಂಡಿತ್ತು. ಕೈ ಇಟ್ಟರೆ ಬಿಸಿ, ಇನ್ನೊಂದು ಕಾಲಿಗೆ ಹೋಲಿಸಿದರೆ ವ್ಯತ್ಯಾಸ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಅನೇಕರಿಗೆ ಹೀಗೇ ಅಂತೆ, ಮೊದಲು ಚಳಿಜ್ವರ, ಆಮೇಲೆ ಕೆಂಪು.

ಡಾಕ್ಟರು ಕಾಲನ್ನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ನನ್ನ ಕಾಲ್ಬೆರಳುಗಳನ್ನು ನೋಡಿದರು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಅಗಲಿಸಿದರು. ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗಿತ್ತು, ನಡುವೆ ಕೂದಲೆಳೆಯಷ್ಟು ಬಿರುಕು. "ಬಂದಿರೋ ದಾರಿ ಇದೇ ನೋಡಿ" ಅಂದರು. ಅಲ್ಲಿದ್ದದ್ದು ಫಂಗಸ್, ಒಳಗೆ ಹೋಗಿದ್ದು ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಸ್ಟ್ರೆಪ್ಟೋಕಾಕಸ್, ಕೆಲವು ಸಲ ಸ್ಟ್ಯಾಫಿಲೋಕಾಕಸ್. ಇವು ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ, ಗಂಟಲಿನಲ್ಲಿ ಸುಮ್ಮನೆ ಇರುವಂಥವೇ. ಬಿರುಕು ಸಿಕ್ಕಿದರೆ ಚರ್ಮದ ಆಳದ ಪದರಕ್ಕೂ ಅದರ ಕೆಳಗಿನ ಕೊಬ್ಬಿಗೂ ಇಳಿದು ಹಬ್ಬುತ್ತವೆ. ಕೀವು ಇಲ್ಲದ್ದರಿಂದ ಪರೀಕ್ಷೆಗೆ ಕಳಿಸಲು ಏನೂ ಇರಲಿಲ್ಲ. ರಕ್ತ ತೆಗೆದು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡಿದರೂ ಬಹಳಷ್ಟು ಜನರಲ್ಲಿ ಏನೂ ಸಿಗುವುದಿಲ್ಲವಂತೆ. ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿಯೇ ನಿರ್ಧಾರ. ಆದರೂ ಸಕ್ಕರೆ ಪರೀಕ್ಷೆ ಮಾಡಿಸಿದರು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೂ ಒಂದೇ ಕಾಲು ಹೀಗೆ ಊದುತ್ತದೆ ಅಂತ ಡಾಪ್ಲರ್ ಸ್ಕ್ಯಾನನ್ನೂ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿದರು. ಹೆಪ್ಪು ಇರಲಿಲ್ಲ. ಎರಡೂ ಕಾಲು ಒಂದೇ ಥರ ಕೆಂಪಾಗಿದ್ದರೆ ಅದು ಸೆಲ್ಯುಲೈಟಿಸ್ ಆಗಿರೋದು ಅಪರೂಪ ಅನ್ನೋದೂ ಅವತ್ತೇ ಗೊತ್ತಾಯಿತು.

ಹೊರಡುವ ಮುಂಚೆ ಸಿಸ್ಟರ್ ಪೆನ್ನು ತಗೊಂಡು ಕೆಂಪಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದರು. ಈ ಗೆರೆ ಬಹಳ ಒಳ್ಳೆಯದು, ಹಾಗೇ ಬಹಳ ಹೆದರಿಸುವಂಥದ್ದು. ಮಾರನೇ ದಿನ ಮಗಳು ಹೊದಿಕೆ ಸರಿಸಿ ನೋಡಿ, "ಅಪ್ಪಾ, ಗೆರೆ ದಾಟಿದೆ" ಅಂದಾಗ ನನ್ನ ಎದೆ ಧಸಕ್ಕೆಂದಿತು. ಮಾತ್ರೆ ಶುರು ಮಾಡಿದರೂ ಹಬ್ಬುತ್ತಾ ಇದೆಯಲ್ಲ! ಫೋನ್ ಮಾಡಿದಾಗ ಡಾಕ್ಟರು ಸಮಾಧಾನವಾಗಿ ಕೇಳಿದ್ದು ಬೇರೆಯೇ ಪ್ರಶ್ನೆಗಳನ್ನು. ಜ್ವರ ಹೇಗಿದೆ? ನಡುಕ ಮತ್ತೆ ಬಂತಾ? ಊಟ ಸೇರುತ್ತಾ? ಕೆಂಪಿನ ಬಣ್ಣ ನಿನ್ನೆಯಷ್ಟೇ ಗಾಢವಾಗಿದೆಯಾ? ಜ್ವರ ಇಳಿದಿತ್ತು, ಬಣ್ಣ ತುಸು ಮಾಸಿತ್ತು. ಮೊದಲ 24ರಿಂದ 48 ಗಂಟೆ ಅಂಚು ಸ್ವಲ್ಪ ಮುಂದೆ ಸರಿಯೋದು ಇದ್ದದ್ದೇ, ಬ್ಯಾಕ್ಟೀರಿಯಾ ಸಾಯುವಾಗಲೂ ದೇಹ ಅಲ್ಲಿ ಗಲಾಟೆ ಮಾಡುತ್ತಲೇ ಇರುತ್ತದೆ ಅಂದರು. 48ರಿಂದ 72 ಗಂಟೆಯಾದರೂ ತಿರುಗದೇ ಇದ್ದರೆ, ಅಥವಾ ಜ್ವರ ಏರಿದರೆ ಕಾಯದೆ ಬರಬೇಕು. ಅಲ್ಲಿಂದ ಮುಂದೆ ದಿನಕ್ಕೊಂದೇ ಸಲ, ಅದೇ ಕಿಟಕಿಯ ಬೆಳಕಿನಲ್ಲಿ, ಫೋಟೋ ತೆಗೆಯೋದು ಅಂತ ಮಗಳಿಗೆ ಹೇಳಿದೆ. ಗಂಟೆಗೊಂದು ಸಲ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಭಯ ಮಾತ್ರ ಬೆಳೆಯುತ್ತದೆ.

ಆದರೆ ಕೆಲವು ಲಕ್ಷಣಗಳಿಗೆ ಗೆರೆ, ಫೋಟೋ ಅಂತೆಲ್ಲ ಕೂರುವಂತಿಲ್ಲ. ಕಣ್ಣಿಗೆ ಕಾಣುವುದಕ್ಕಿಂತ ನೋವು ಎಷ್ಟೋ ಪಾಲು ಜಾಸ್ತಿ ಇದ್ದರೆ, ಕೆಂಪು ಹೋಗಿ ನೇರಳೆ ಅಥವಾ ಕಪ್ಪು ತಿರುಗಿದರೆ, ದೊಡ್ಡ ಬೊಬ್ಬೆಗಳು ಎದ್ದರೆ, ನೋಯುತ್ತಿದ್ದ ಜಾಗ ಮರಗಟ್ಟಿದರೆ, ಒತ್ತಿದಾಗ ಒಳಗೆ ಚರಚರ ಅಂದರೆ, ಕೆಂಪು ನೋಡನೋಡುತ್ತಲೇ ಹಬ್ಬಿದರೆ, ಮಾತು ತಡವರಿಸಿ ಗೊಂದಲವಾದರೆ, ಅದು ಮಾಂಸದ ಪೊರೆಯನ್ನೇ ತಿನ್ನುವ ಸೋಂಕು ಅಥವಾ ರಕ್ತಕ್ಕೆ ಇಳಿದ ನಂಜು ಆಗಿರಬಹುದು. ಆಗ ನೇರ ತುರ್ತು ಚಿಕಿತ್ಸೆಗೆ. ರಾತ್ರಿಯಾದರೂ ಸರಿ. ಈ ಪಟ್ಟಿಯನ್ನು ಮನೆಯವರೆಲ್ಲರಿಗೂ ಓದಿ ಹೇಳಿದ್ದೆ. ಜ್ವರದಲ್ಲಿ ಮಲಗಿದವನಿಗೆ ತಾನು ಗೊಂದಲದಲ್ಲಿದ್ದೇನೆ ಅಂತ ಗೊತ್ತಾಗಲ್ಲ, ಅಲ್ವಾ?

ಈಗ ಕಾಲು ಎತ್ತಿಡುವ ವಿಷಯ. "ಕಾಲು ಮೇಲಿಟ್ಟುಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಮೇಲೆ ಅಂತ ಹೇಳುವವರು ಕಡಿಮೆ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಅದು ಮೇಲಿಟ್ಟಂತೆ ಅಲ್ಲ. ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು, ಅಂದರೆ ಮಲಗಲೇಬೇಕು. ಊತದ ನೀರು ತಾನಾಗಿ ಹಿಂದಕ್ಕೆ ಹರಿಯೋದು ಆಗಲೇ. ನಾನು ಮೊದಲು ಹಿಮ್ಮಡಿ ಕೆಳಗೆ ದಿಂಬು ಪೇರಿಸಿದ್ದೆ. ಮೊಣಕಾಲು ಗಾಳಿಯಲ್ಲಿ ತೂಗಿ ನೋವು ಬಂತು, ರಾತ್ರಿ ದಿಂಬು ಜಾರಿ ಬಿದ್ದವು. ಕೊನೆಗೆ ಸರಿಹೋದದ್ದು ಹೀಗೆ: ಹಾಸಿಗೆಯ ಕಾಲಿನ ತುದಿಯ ಅಡಿಯಲ್ಲಿ ಒಂದು ದಪ್ಪ ಹಾಸನ್ನು ಮಡಿಸಿ ತುರುಕಿದೆವು. ಇಡೀ ಆ ಭಾಗವೇ ಇಳಿಜಾರಾಯಿತು. ಅದರ ಮೇಲೆ ತೊಡೆಯಿಂದ ಮೀನಖಂಡದ ತನಕ ಉದ್ದಕ್ಕೆ ಒಂದು ದಿಂಬು, ಮೊಣಕಾಲು ಸ್ವಲ್ಪ ಮಡಚಿದ ಹಾಗೆ. ಹಿಮ್ಮಡಿ ಮಾತ್ರ ದಿಂಬಿನ ಅಂಚಿನಿಂದ ಆಚೆಗೆ, ಏನಕ್ಕೂ ತಾಗದೆ. ಇಲ್ಲದಿದ್ದರೆ ಒಂದೇ ಕಡೆ ಒತ್ತಿ ಅಲ್ಲೊಂದು ಹುಣ್ಣು. ಹೊದಿಕೆಯ ಭಾರವೂ ಚುಚ್ಚುತ್ತಿತ್ತು. ಒಂದು ರಟ್ಟಿನ ಪೆಟ್ಟಿಗೆಯ ಎರಡು ಬದಿ ಕತ್ತರಿಸಿ ಕಾಲಿನ ಮೇಲೆ ಕಮಾನಿನ ಹಾಗೆ ಕವುಚಿ, ಅದರ ಮೇಲೆ ಹೊದಿಕೆ ಹಾಕಿದೆವು. ನೋಡಿದವರು ನಕ್ಕರು. ನನಗೆ ನಿದ್ದೆ ಬಂತು.

ಮಲಗಿದ್ದಲ್ಲೇ ಪಾದವನ್ನು ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿದ್ದೆ. ಎಚ್ಚರ ಇದ್ದಾಗೆಲ್ಲ, ಆಗಾಗ. ಮೀನಖಂಡದ ಸ್ನಾಯು ಹಿಂಡಿದಾಗ ರಕ್ತ ಮೇಲಕ್ಕೆ ಹೋಗುತ್ತದೆ. ಹೆಪ್ಪು ಕಟ್ಟದ ಹಾಗೆ ನೋಡಿಕೊಳ್ಳಲೂ ಇದು ಒಳ್ಳೆಯದು.

ಕೆಳಗಿಳಿಯುವುದಕ್ಕೆ ನನ್ನದೇ ಒಂದು ಕ್ರಮ ಆಯಿತು. ಬೆಳಿಗ್ಗೆ ಮೊದಲ ಸಲ ಏಳುವುದೇ ಅತಿ ಕಷ್ಟ. ಅದಕ್ಕೆ ಎಚ್ಚರವಾದ ಕೂಡಲೇ ಮಲಗಿದ್ದಲ್ಲೇ ಪ್ಯಾರಸಿಟಮಾಲ್ ನುಂಗಿ, ಮುಕ್ಕಾಲು ಗಂಟೆ ಹಾಗೇ ಬಿದ್ದಿರುತ್ತಿದ್ದೆ. ಆಮೇಲೆ ಪಾದ ಚೆನ್ನಾಗಿ ಆಡಿಸುವುದು. ಎದ್ದು ಕೂರುವುದು, ಆದರೆ ಕಾಲು ಇನ್ನೂ ಹಾಸಿಗೆ ಮೇಲೇ. ನಂತರ ಅಂಚಿಗೆ ಸರಿದು ಇಳಿಬಿಡುವುದು. ಆ ಉರಿ ಬರುತ್ತದೆ, ಬರಲಿ. ಉಸಿರು ಕಟ್ಟದೆ, ಉದ್ದಕ್ಕೆ ಬಿಡುತ್ತಾ, ಅದು ತುದಿ ಮುಟ್ಟಿ ಇಳಿಯೋವರೆಗೆ ಕೂತೇ ಇರುವುದು. ನಿಲ್ಲೋದು ಆಮೇಲೆ. ನಿಂತ ಮೇಲೆ ನಡೆಯುತ್ತಲೇ ಇರಬೇಕು. ನಡೆಯೋದಕ್ಕಿಂತ ಸುಮ್ಮನೆ ನಿಲ್ಲೋದೇ ಜಾಸ್ತಿ ನೋವು, ಯಾಕೆಂದರೆ ನಿಂತಾಗ ಮೀನಖಂಡ ಪಂಪು ಹೊಡೆಯುವುದಿಲ್ಲ, ರಕ್ತ ಕೆಳಗೇ ತುಂಬುತ್ತದೆ. ಹಲ್ಲುಜ್ಜೋದು, ಮುಖ ತೊಳೆಯೋದು ಎಲ್ಲ ಕೂತೇ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ. ಒಂದೊಂದಕ್ಕೇ ಅಂತ ಇಳಿಯುವ ಬದಲು ಎರಡು ಮೂರು ಕೆಲಸ ಒಟ್ಟು ಮಾಡಿಕೊಂಡು ಇಳಿಯುತ್ತಿದ್ದೆ. ನೀರು, ಚಾರ್ಜರ್, ಮಾತ್ರೆ, ಕನ್ನಡಕ ಎಲ್ಲ ಕೈಗೆಟುಕುವಲ್ಲಿ.

ನೋವಿನ ಮಾತ್ರೆಯನ್ನು ಮೊದಲ ಕೆಲವು ದಿನ ನೋವು ಬಂದಾಗ ಅಲ್ಲ, ಗಂಟೆ ನೋಡಿ ತಗೊಂಡೆ. ನೋವು ಏರಿದ ಮೇಲೆ ಇಳಿಸೋದು ಕಷ್ಟ. ದೊಡ್ಡವರಿಗೆ ಪ್ಯಾರಸಿಟಮಾಲ್ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರುವಂತಿಲ್ಲ. ತೂಕ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ, ಕುಡಿಯುವ ಅಭ್ಯಾಸ ಇದ್ದರೆ ಇನ್ನೂ ಕಡಿಮೆ, ಡಾಕ್ಟರನ್ನೇ ಕೇಳಬೇಕು. ನೆಗಡಿ ಮಾತ್ರೆಗಳಲ್ಲೂ ಅದೇ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಐಬುಪ್ರೊಫೆನ್ ತಗೊಳ್ಳಲಾ ಅಂತ ಕೇಳಿದ್ದಕ್ಕೆ ನನ್ನ ಡಾಕ್ಟರು ಬೇಡ ಅಂದರು. ಒಳಗೆ ಸೋಂಕು ಆಳಕ್ಕೆ ಇಳಿಯುತ್ತಿದ್ದರೆ ಅದರ ಸುಳಿವನ್ನೇ ಮುಚ್ಚಿಬಿಡಬಹುದು, ಜ್ವರದಲ್ಲಿ ನೀರು ಕಡಿಮೆ ಕುಡಿದಿದ್ದರೆ ಕಿಡ್ನಿಗೂ ಭಾರ ಅನ್ನೋದು ಅವರ ಕಾರಣ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸ್ವಲ್ಪ ಹೊತ್ತು ಹಾಕಿದರೆ ಹಿತವಾಗುತ್ತಿತ್ತು. ಐಸನ್ನು ನೇರ ಇಡಲಿಲ್ಲ. ನೋಡಲು ಬಂದವರು ಉಜ್ಜು, ಶಾಖ ಕೊಡು ಅಂದರು. ತಲೆಯಾಡಿಸಿ ಕಳಿಸಿದೆ. ಮೊದಲೇ ಬೆಂಕಿಯಾಗಿರೋ ಕಾಲಿಗೆ ಇನ್ನೇನು ಶಾಖ!

ಆಂಟಿಬಯಾಟಿಕ್ ನನಗೆ ಕೊಟ್ಟದ್ದು ಸೆಫಲೆಕ್ಸಿನ್, 6 ಗಂಟೆಗೊಮ್ಮೆ. ನಡುರಾತ್ರಿಯದಕ್ಕೆ ಅಲಾರಂ ಇಟ್ಟಿದ್ದೆ. ಸಾಮಾನ್ಯವಾಗಿ 5ರಿಂದ 7 ದಿನ ಕೊಡುತ್ತಾರೆ, ನಿಧಾನವಾಗಿ ತಿರುಗಿದರೆ ಮುಂದುವರಿಸುತ್ತಾರೆ. ಇದರಲ್ಲಿ ನನಗೆ ತಲೆಕೆಟ್ಟದ್ದು ಒಂದೇ: ಕೋರ್ಸ್ ಮುಗಿದಾಗಲೂ ಕಾಲು ಕೆಂಪಗೇ ಇತ್ತು, ಊತ ಇತ್ತು, ನೋವೂ ಇತ್ತು. ಹಾಗಾದರೆ ಮಾತ್ರೆ ಸಾಕಾಗಿಲ್ಲವೇ? ಡಾಕ್ಟರು ಕಾಲು ಒತ್ತಿ ನೋಡಿ, ಬಿಸಿ ಹೋಗಿದೆ, ಗಡಸುತನ ಹೋಗಿದೆ, ಅಂಚು ಗೆರೆಯಿಂದ ಎಷ್ಟೋ ಒಳಕ್ಕೆ ಬಂದಿದೆ, ಸಾಕು ಅಂದರು. ಬ್ಯಾಕ್ಟೀರಿಯಾ ಸತ್ತ ಮೇಲೂ ರಿಪೇರಿ ಕೆಲಸ ವಾರಗಟ್ಟಲೆ ನಡೆಯುತ್ತದೆ. ಸೋಂಕು ಒಂದು ವೇಗದಲ್ಲಿ ಹೋಗುತ್ತದೆ, ನೋವು ಇನ್ನೊಂದು ವೇಗದಲ್ಲಿ. ನೋವಿದೆ ಅಂತ ಮನೆಯಲ್ಲಿ ಉಳಿದ ಮಾತ್ರೆ ಹುಡುಕೋದಲ್ಲ, ಮತ್ತೆ ಬಿಸಿಯಾಯಿತಾ, ಜ್ವರ ಬಂತಾ ಅಂತ ನೋಡೋದು.

ಊತ ಇಳಿಯುತ್ತಿದೆ ಅನ್ನೋದಕ್ಕೆ ನನಗೆ ಸಿಕ್ಕಿದ ಒಳ್ಳೆಯ ಗುರುತು ಸುಕ್ಕು. ಗಾಜಿನ ಹಾಗೆ ಮಿರಮಿರ ಮಿಂಚುತ್ತಿದ್ದ ಚರ್ಮದ ಮೇಲೆ ಒಂದು ಬೆಳಿಗ್ಗೆ ಸಣ್ಣ ಸಣ್ಣ ಗೆರೆಗಳು ಮೂಡಿದ್ದವು. ಆಮೇಲೆ ಸಿಪ್ಪೆ ಏಳಲು ಶುರುವಾಯಿತು, ಜೊತೆಗೆ ನವೆ. ನವೆಯೂ ಕಡಿಮೆ ಕಾಟವಲ್ಲ, ರಾತ್ರಿ ನಿದ್ದೆಯಲ್ಲಿ ಕೆರೆದುಬಿಟ್ಟರೆ ಹೊಸ ಬಿರುಕು. ಉಗುರು ಬುಡಕ್ಕೆ ಕತ್ತರಿಸಿ, ವಾಸನೆ ಇಲ್ಲದ ಮಾಯಿಶ್ಚರೈಸರನ್ನು ದಿನಕ್ಕೆರಡು ಸಲ ಮೆಲ್ಲಗೆ ಹಚ್ಚಿದೆ. ಸಿಪ್ಪೆಯನ್ನು ಎಳೆದು ಕೀಳಲಿಲ್ಲ. ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿ ಬಹಳ ಕಾಲ ಹಾಗೇ ನಿಂತಿತು.

ಯಾರೂ ಮುಂಚೆ ಹೇಳದೇ ಇದ್ದದ್ದು ಸುಸ್ತು. ಜ್ವರ ಹೋಗಿ ಎಷ್ಟೋ ದಿನವಾದರೂ ಸ್ನಾನ ಮಾಡಿ ಬಂದರೆ ಮಲಗಬೇಕು ಅನ್ನಿಸುತ್ತಿತ್ತು. ನನ್ನದು ನಿಂತು ಮಾಡುವ ಕೆಲಸ. ಮೊದಲು ಅರ್ಧ ದಿನ ಹೋದೆ, ನಡುವೆ ಕಾಲು ಮೇಲಿಡಲು ಜಾಗ ಕೇಳಿಕೊಂಡೆ. ಸಂಜೆಗೆ ಕಾಲುಚೀಲದ ಅಂಚು ಆಳವಾಗಿ ಒತ್ತಿದ್ದರೆ ಮಾರನೇ ದಿನ ನಿಲ್ಲೋದು ಕಡಿಮೆ ಮಾಡುತ್ತಿದ್ದೆ. ಗಡಿಯಾರಕ್ಕಿಂತ ಆ ಗುರುತೇ ನನಗೆ ಸರಿಯಾದ ಲೆಕ್ಕ ಕೊಟ್ಟಿತು.

ಒಂದು ಸಲ ಬಂದವರಿಗೆ ಇದು ಮತ್ತೆ ಬರುವ ಸಾಧ್ಯತೆ ಜಾಸ್ತಿ, ಅದೂ ಅದೇ ಕಾಲಿಗೆ. ಸೋಂಕು ದುಗ್ಧನಾಳಗಳನ್ನು, ಅಂದರೆ ಊತದ ನೀರನ್ನು ಹಿಂದಕ್ಕೆ ಒಯ್ಯುವ ಸಣ್ಣ ನಾಳಗಳನ್ನು, ಹಾಳು ಮಾಡುತ್ತದೆ, ಅದರಿಂದ ಊತ ಉಳಿಯುತ್ತದೆ, ಊತ ಇದ್ದಲ್ಲಿ ಸೋಂಕಿಗೆ ಸಲೀಸು. ಅದಕ್ಕೇ ಬೆರಳ ಸಂದಿಗೆ ಟರ್ಬಿನಾಫಿನ್ ಕ್ರೀಮ್ ಹಚ್ಚಿ ಫಂಗಸ್ಸನ್ನು ಪೂರ್ತಿ ಓಡಿಸಿದೆ. ಈಗಲೂ ಸ್ನಾನವಾದ ಮೇಲೆ ಒಂದೊಂದೇ ಸಂದಿಯನ್ನು ಬೇರೆ ಒಣ ಬಟ್ಟೆಯಿಂದ ಒರೆಸುತ್ತೇನೆ. ಪದೇ ಪದೇ ಬರುವವರಿಗೆ ಕಡಿಮೆ ಪ್ರಮಾಣದ ಪೆನಿಸಿಲಿನ್ ದೀರ್ಘಕಾಲ ಕೊಡುತ್ತಾರೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 250 ಮಿಲಿಗ್ರಾಂ ದಿನಕ್ಕೆರಡು ಸಲ, ವರ್ಷವಿಡೀ ಕೊಟ್ಟಾಗ ಮರುಕಳಿಕೆ ಕಡಿಮೆಯಾಗಿತ್ತು. ನಿಲ್ಲಿಸಿದ ಮೇಲೆ ಆ ಲಾಭ ನಿಧಾನಕ್ಕೆ ಕರಗಿತು. ನನಗೆ ಅದು ಬೇಕಾಗಲಿಲ್ಲ.

ಬೇಕಾದದ್ದು ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಊತ ತುಂಬದ ಹಾಗೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ. 2020ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಧ್ಯಯನ ಬಂತು: ಕಾಲಿನಲ್ಲಿ ಊತ ಉಳಿದು, ಸೆಲ್ಯುಲೈಟಿಸ್ ಮರುಕಳಿಸುತ್ತಿದ್ದ 84 ಜನ. ಬಿಗಿ ಕಟ್ಟು ಹಾಕಿಕೊಂಡವರಲ್ಲಿ 15 ಶೇಕಡಾ ಜನರಿಗೆ ಮತ್ತೆ ಬಂತು, ಹಾಕಿಕೊಳ್ಳದವರಲ್ಲಿ 40 ಶೇಕಡಾ ಜನರಿಗೆ. ಆದರೆ ಇದನ್ನು ಸೋಂಕು ಉರಿಯುತ್ತಿರುವಾಗ ನಾವಾಗಿಯೇ ಹಾಕಿಕೊಳ್ಳುವಂತಿಲ್ಲ. ಕಾಲಿಗೆ ಹೋಗುವ ರಕ್ತನಾಳ ಸರಿಯಿದೆಯಾ ಅಂತ ಡಾಕ್ಟರು ನೋಡಿದ ಮೇಲೆಯೇ, ಕಾಲಿನ ಅಳತೆ ತೆಗೆದು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ, ಊತ ತುಂಬುವುದಕ್ಕೆ ಮೊದಲೇ ಹಾಕಿಕೊಳ್ಳಬೇಕು. ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಎಳೆಯೋದು ಅರ್ಧ ಸುಲಭ. ಮಡಿಕೆ ಉಳಿದರೆ ಅಲ್ಲಿ ಚರ್ಮ ಕತ್ತರಿಸುತ್ತದೆ, ಅಂಗೈಯಿಂದ ಸವರಿ ಬಿಡಿಸಬೇಕು. ರಾತ್ರಿ ಬಿಚ್ಚಿ ಒಗೆದು ನೆರಳಲ್ಲಿ ಒಣಹಾಕುತ್ತೇನೆ. ಬಿಗಿ ಸಡಿಲವಾಗುತ್ತಾ ಬರುವುದರಿಂದ ಆರು ತಿಂಗಳೊಳಗೆ ಹೊಸ ಜೊತೆ ತರಬೇಕಾಗುತ್ತದೆ.