ಮನೆ ಸ್ಯಾನಿಟರಿ ಲೈನ್ ಒಡೆದಾಗ ಅಗೆಸೋದಾ, ಲೈನಿಂಗ್ ಮಾಡ್ಸೋದಾ, ದಾರಿನೇ ಬದಲಿಸೋದಾ – ನನ್ನ ಅನುಭವ

ನಮ್ಮನೆ ರಾಜಾಜಿನಗರದಲ್ಲಿ, 30x40 ಸೈಟು, ನಮ್ಮ ಮಾವ 1983ರಲ್ಲಿ ಕಟ್ಟಿಸಿದ್ದು. ಹಿಂದಿನ ಟಾಯ್ಲೆಟ್ಟು ಬಾತ್‌ರೂಮಿಂದ ಲೈನ್ ನೇರವಾಗಿ ಮುಂದೆ ಬಂದು ಗೇಟ್ ಹತ್ರದ ಚೇಂಬರ್‌ಗೆ (ಲೈನ್ ತೆಗೆದು ನೋಡಕ್ಕಿರೋ ಮುಚ್ಚಳದ ಗುಂಡಿ) ಸೇರತ್ತೆ, ಒಟ್ಟು 36 ಅಡಿ. ಆಮೇಲೆ ಒಂದು ರೂಮ್ ಎಕ್ಸ್‌ಟೆಂಡ್ ಮಾಡಿದಾಗ ಅದರಲ್ಲಿ 11 ಅಡಿ ಆ ರೂಮಿನ ನೆಲದ ಕೆಳಗೆ ಹೋಯ್ತು. ಉಳಿದಿದ್ದು ಸಂಪ್ ಪಕ್ಕ, ಸಂಪಿಗೆ ಮರದ ಬುಡ ಬಳಸ್ಕೊಂಡು. ಈ ಕೊನೇ ಮಾತನ್ನ ನೆನಪಲ್ಲಿಟ್ಕೊಳ್ಳಿ, ಎಲ್ಲಾ ತೊಂದರೆ ಬಂದಿದ್ದು ಅಲ್ಲೇ.

ಎರಡು ಮೂರು ವರ್ಷದಿಂದ ಮೂರು ತಿಂಗಳಿಗೊಂದ್ಸಲ ಕಟ್ಕೊಳ್ತಿತ್ತು. ಯಾರನ್ನಾದ್ರೂ ಕರ್ಸಿ ಬಿದಿರು ದಬ್ಬೆ ಹಾಕ್ಸಿದ್ರೆ ಬಿಟ್ಕೊಳ್ತಿತ್ತು, ಅಷ್ಟಕ್ಕೇ ಸುಮ್ಮನಾಗ್ತಿದ್ವಿ. ಆದ್ರೆ ಒಂದಿನ ಬೆಳಗ್ಗೆ ಸಂಪ್ ಮುಚ್ಚಳ ತೆಗೆದಾಗ ಸಣ್ಣಗೆ ಮೋರಿ ವಾಸನೆ ಬಂತು. ಮನೇಲಿ ಯಾರೂ ನಂಬ್ಲಿಲ್ಲ, ನನ್ನ ಮನಸ್ಸು ಮಾತ್ರ ಒಪ್ಲಿಲ್ಲ. ಎಚ್‌ಟೂಎಸ್ ಬಾಟಲ್ ಅಂತ ಬರತ್ತೆ, ಚಿಕ್ಕ ಸೀಸೆ, ಒಳಗೆ ಮದ್ದು ಹಾಕಿರೋ ಕಾಗದದ ಪಟ್ಟಿ, ಗುರುತಿನ ತನಕ ನೀರು ತುಂಬಿ ಒಂದೆರಡು ದಿನ ಇಟ್ರೆ ಮಲದ ಬ್ಯಾಕ್ಟೀರಿಯಾ ಸೇರಿರೋ ನೀರು ಕಪ್ಪಾಗತ್ತೆ. ಅಡುಗೆಮನೆ ಕಟ್ಟೆ ಮೇಲಿಟ್ಟೆ. ಮಾರನೇ ದಿನ ಸಂಜೆ ನೋಡಿದ್ರೆ ಸೀಸೆ ಪೂರ್ತಿ ಮಸಿ ಕಪ್ಪು. ಆ ಸಂಪ್ ನೀರಲ್ಲೇ ನಾವು ಪಾತ್ರೆ ತೊಳೀತಿದ್ದಿದ್ದು, 82 ವರ್ಷದ ಮಾವ ಬಾಯಿ ಮುಕ್ಕಳಿಸ್ತಿದ್ದಿದ್ದು. ಅವತ್ತೇ ಸಂಪ್ ನೀರು ನಿಲ್ಸಿ ಕುಡಿಯಕ್ಕೆ ಅಡುಗೆಗೆ ಕ್ಯಾನ್ ತರ್ಸಕ್ಕೆ ಶುರು ಮಾಡಿದ್ವಿ.

ಮೊದಲು ನಾನು ಮಾಡಿದ ಪರೀಕ್ಷೆ ಖರ್ಚಿಲ್ಲದ್ದು. ಗೇಟ್ ಹತ್ರದ ಚೇಂಬರಲ್ಲಿ ಲೈನ್ ಬಂದು ಬೀಳೋ ಬಾಯಿಗೆ ಮರಳು ತುಂಬಿದ ಚೀಲ ಒತ್ತಿ ಮುಚ್ಸಿದೆ, ಹಿಂದಿನ ಚೇಂಬರ್‌ಗೆ ನೀರು ತುಂಬಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕ್ದೆ. ಮನೇಲಿ ಯಾರೂ ನಲ್ಲಿ ಮುಟ್ಬಾರ್ದು ಅಂತ ಹೇಳಿದ್ದೆ. ಅರ್ಧ ಗಂಟೇಲಿ ನೀರು ನಾಲ್ಕು ಬೆರಳು ಇಳಿದಿತ್ತು, ಮುಂದಿನ ಚೇಂಬರ್ ಒಣಗಿತ್ತು. ಅಂದ್ರೆ ಮಧ್ಯದಲ್ಲಿ ಮಣ್ಣಿಗೆ ಹೋಗ್ತಾ ಇದೆ.

ಈ ಮಧ್ಯೆ ಇನ್ನೊಂದು ವಿಷಯ ಹೇಳ್ಲೇಬೇಕು. ಮತ್ತೆ ಕಟ್ಕೊಂಡಾಗ ಒಬ್ಬ ಪ್ಲಂಬರ್, ರೋಡ್ ಮ್ಯಾನ್‌ಹೋಲಲ್ಲೂ ಬ್ಲಾಕ್ ಇರ್ಬೋದು ಮೇಡಂ, ಹುಡುಗ ಇದ್ದಾನೆ, ಒಳಗೆ ಇಳಿಸ್ತೀನಿ, 1500 ಕೊಡಿ ಅಂದ. ನಾನು ಕಡಾಖಂಡಿತವಾಗಿ ಬೇಡ ಅಂದೆ. ಮನುಷ್ಯರನ್ನ ಹೀಗೆ ಮ್ಯಾನ್‌ಹೋಲಿಗೆ ಇಳಿಸೋದರ ವಿರುದ್ಧ 2013ರ ಕಾನೂನು ಇದೆ, ಅದು ಇಲ್ದಿದ್ರೂ ನಮ್ಮನೆ ಲೈನಿಗೋಸ್ಕರ ಇನ್ನೊಬ್ರ ಮಗ ಆ ಗುಂಡಿಗೆ ಇಳೀಬಾರ್ದು, ಒಳಗಿನ ಗ್ಯಾಸಿಗೆ ಎಷ್ಟು ಜನ ಸತ್ತಿದ್ದಾರೆ ಅಂತ ಪೇಪರಲ್ಲಿ ಓದ್ತಾನೇ ಇರ್ತೀವಿ. ಜಲಮಂಡಳಿ 1916ಕ್ಕೆ ಫೋನ್ ಮಾಡ್ದೆ, ಜೋರಾಗಿ ನೀರು ಹೊಡೆದು ಲೈನ್ ಬಿಡಿಸೋ ಜೆಟ್ಟಿಂಗ್ ಗಾಡಿ ಬಂದು ರೋಡಿಂದು ಕ್ಲಿಯರ್ ಮಾಡಿ ಹೋಯ್ತು. ಕಾಂಪೌಂಡ್ ಒಳಗಿನದು ನಮ್ಮ ಜವಾಬ್ದಾರಿ, ಅದಕ್ಕೆ ಪ್ರೈವೇಟಾಗಿ ಚಿಕ್ಕ ಜೆಟ್ಟಿಂಗ್ ಮೆಷಿನ್ ಇರೋರನ್ನ ಕರ್ಸಿದೆ. ಅವರ ಹತ್ರನೇ ಕ್ಯಾಮೆರಾನೂ ಇತ್ತು.

ನನ್ನ ಕೇಳಿದ್ರೆ ಪೂರ್ತಿ ಕೆಲಸದಲ್ಲಿ ದುಡ್ಡಿಗೆ ತಕ್ಕ ಬೆಲೆ ಬಂದಿದ್ದು ಆ ಕ್ಯಾಮೆರಾಗೆ. ತುದೀಲಿ ಲೈಟ್ ಇರೋ ಕೇಬಲ್, ಎಷ್ಟು ಅಡಿ ಒಳಗೆ ಹೋಯ್ತು ಅಂತ ಸ್ಕ್ರೀನ್ ಮೇಲೆ ಬರತ್ತೆ. ನಮ್ಮದು ಹಳೇ ಸ್ಟೋನ್‌ವೇರ್ ಪೈಪು, ಒಂದೊಂದು ಪೀಸ್ ಎರಡೆರಡು ಅಡಿ, ಹಾಗಾಗಿ ಎರಡು ಅಡಿಗೊಂದು ಸಿಮೆಂಟ್ ಜಾಯಿಂಟು. ರೂಮಿನ ಕೆಳಗಿನ 11 ಅಡಿ ಚೆನ್ನಾಗೇ ಇತ್ತು, ಒಂದು ಕೂದಲೆಳೆ ಬಿರುಕು ಬಿಟ್ರೆ ನೇರವಾಗಿದೆ. 18 ಅಡಿ ದಾಟಿದ ಮೇಲೆ ಜಾಯಿಂಟ್ ಸುತ್ತ ಬೇರು ಇಳಿಬಿದ್ದಿತ್ತು, ಜೆಟ್ ಹೊಡೆದ ಮೇಲೂ ಪರದೆ ಥರ. ಅಲ್ಲಿಂದ ಮುಂದೆ ಕ್ಯಾಮೆರಾ ನೀರೊಳಗೆ ಮುಳುಗಿತು, 20ರಿಂದ 26 ಅಡಿ ತನಕ ಬರೀ ಮಬ್ಬು, ಆಮೇಲೆ ಮತ್ತೆ ಮೇಲೆ ಬಂತು. ಪೈಪಿನ ಕೆಳಗಿನ ಮಣ್ಣು ಕುಸಿದು ಲೈನ್ ತೊಟ್ಟಿಲ ಥರ ತಗ್ಗಾಗಿದೆ ಅಂತ ಅವರು ತೋರ್ಸಿದ್ರು. ಸಂಪ್ ಸರಿಯಾಗಿ ಆ ತಗ್ಗಿನ ಪಕ್ಕದಲ್ಲೇ, ಎರಡು ಅಡಿ ದೂರ.

ಈಗ ಯಾವ ರೀತಿ ರಿಪೇರಿ ಅನ್ನೋ ಪ್ರಶ್ನೆ. ನನ್ನ ತಮ್ಮ ನ್ಯೂಜೆರ್ಸಿಲಿದ್ದಾನೆ, ಅವನ ಮನೇಲಿ ಎರಡು ವರ್ಷದ ಹಿಂದೆ ಲೈನಿಂಗ್ ಮಾಡ್ಸಿದ್ದ. ರೆಸಿನ್ (ಗಟ್ಟಿಯಾಗೋ ಅಂಟು) ಕುಡಿಸಿರೋ ಫೆಲ್ಟ್ ಬಟ್ಟೆಯ ಕೊಳವೆ ಹಳೇ ಪೈಪೊಳಗೆ ತೂರ್ಸಿ, ಉಬ್ಬಿಸಿ, ಬಿಸಿ ಮಾಡಿ ಗಟ್ಟಿ ಮಾಡ್ತಾರೆ, ಪೈಪೊಳಗೊಂದು ಪೈಪ್, ಮಧ್ಯೆ ಜಾಯಿಂಟೇ ಇಲ್ಲ. 1971ರಲ್ಲಿ ಲಂಡನ್ನಲ್ಲಿ ಎರಿಕ್ ವುಡ್ ಅನ್ನೋರು ಶುರು ಮಾಡಿದ ವಿಧಾನ. ‘ಅಕ್ಕಾ, ಒಂದು ದಿನದಲ್ಲಿ ಮುಗಿಯತ್ತೆ, ಅಗೆಸ್ಬೇಡ’ ಅಂತ ಅವನು ದಿನಾ ಫೋನ್ ಮಾಡ್ತಿದ್ದ. ನನಗೂ ಆಸೆ ಇತ್ತು, ಬೆಂಗಳೂರಲ್ಲಿ ಮಾಡೋರನ್ನ ಹುಡುಕಿ ವಿಡಿಯೋ ಕಳಿಸ್ದೆ. ಅವರು ನಿಯತ್ತಾಗಿ ಹೇಳಿದ್ರು, ಲೈನಿಂಗ್ ಹಳೇ ಪೈಪ್ ಹೇಗಿದ್ಯೋ ಹಾಗೇ ಕೂರತ್ತೆ ಮೇಡಂ, ತಗ್ಗಿದ್ರೆ ತಗ್ಗು ಹಾಗೇ ಉಳಿಯತ್ತೆ, ಸೋರಿಕೆ ನಿಲ್ಲತ್ತೆ ಆದ್ರೆ ನೀರು ನಿಲ್ಲೋದು ನಿಲ್ಲಲ್ಲ, ಮೊದಲು ಆ ಆರು ಅಡಿ ಅಗೆದು ಸರಿ ಮಾಡಿಕೊಡಿ ಅಂತ. ರೇಟೂ ಅಗೆಸೋದಕ್ಕಿಂತ ಡಬಲ್ ಮೇಲೆ, ಯಾಕಂದ್ರೆ 36 ಅಡಿಗೂ ಅಷ್ಟೇ ಮೆಷಿನು ಅಷ್ಟೇ ಜನ ಬರ್ಬೇಕು. ತಮ್ಮನ ಮನೇಲಿ ಲೈನ್ ಆಳದಲ್ಲಿ, ಮೇಲೆ ಕಾರು ಹೋಗೋ ಕಾಂಕ್ರೀಟು, ಅಲ್ಲಿನ ಕೂಲಿ ಬೇರೆ, ಅಲ್ಲಿಗೆ ಅದು ಸರಿ. ನಮ್ಮಲ್ಲಿ ಪೈಪ್ ಇರೋದೇ ಎರಡು ಎರಡೂವರೆ ಅಡಿ ಕೆಳಗೆ.

ಪೈಪ್ ಬರ್ಸ್ಟಿಂಗ್ ಬಗ್ಗೆನೂ ಕೇಳ್ದೆ, ಹಳೇ ಪೈಪನ್ನ ಒಳಗಿಂದ ಒಡೀತಾ ಹಿಂದೇನೇ ಹೊಸ ಪೈಪ್ ಎಳ್ಕೊಂಡು ಬರೋದು. ಒಡೆದ ಚೂರು ಮಣ್ಣನ್ನ ಸುತ್ತ ತಳ್ಳತ್ತೆ, ಎರಡು ಅಡಿ ಪಕ್ಕದಲ್ಲಿ ಸಂಪ್ ಗೋಡೆ ಇಟ್ಕೊಂಡು ಅದಕ್ಕೆ ನನಗೆ ಧೈರ್ಯ ಬರ್ಲಿಲ್ಲ.

ನಮ್ಮ ಮೇಸ್ತ್ರಿ ಹೇಳಿದ್ದು ಇದು, ಕೆಟ್ಟಿರೋ ಎಂಟು ಅಡಿ ಮಾತ್ರ ಅಗೆದು ಪಿವಿಸಿ ಹಾಕಿ ಎರಡೂ ಕಡೆ ಸಿಮೆಂಟ್ ಜಾಯಿಂಟ್ ಕೊಡೋಣ ಅಮ್ಮಾ, ಎರಡು ದಿನದ ಕೆಲಸ. ಎಲ್ಲಕ್ಕಿಂತ ಕಮ್ಮಿ ಖರ್ಚು, ಮನೇಲಿ ಎಲ್ರೂ ಅದಕ್ಕೇ ವಾಲಿದ್ರು. ಆದ್ರೆ 40 ವರ್ಷದ ಹಳೇ ಲೈನಲ್ಲಿ ಮಿಕ್ಕ ಜಾಯಿಂಟ್‌ಗಳೂ ಅದೇ ವಯಸ್ಸಿನವು, ಬೇರು ಇವತ್ತು ಒಂಬತ್ತನೇ ಜಾಯಿಂಟಲ್ಲಿ, ನಾಳೆ ಏಳನೇದರಲ್ಲಿ. ಬೇರು ಪೈಪನ್ನ ಹುಡ್ಕೊಂಡು ಬರಲ್ಲ, ತೇವ ಎಲ್ಲಿ ಸೋರತ್ತೋ ಅಲ್ಲಿಗೆ ಬರತ್ತೆ. ಆ ಮರ ನಮ್ಮ ಅತ್ತೆ ನೆಟ್ಟಿದ್ದು, ಅವರು ಹೋಗಿ ಆರು ವರ್ಷ ಆಯ್ತು, ಮಾವ ಈಗ್ಲೂ ಬೆಳಗ್ಗೆ ಅದರ ಕೆಳಗೆ ಕುರ್ಚಿ ಹಾಕ್ಕೊಂಡೇ ಪೇಪರ್ ಓದೋದು. ಕಡಿಯೋ ಮಾತೇ ಇಲ್ಲ. ಅದೇ ಜಾಗದಲ್ಲಿ ಪೂರ್ತಿ ಹೊಸ ಲೈನ್ ಅಂದ್ರೆ ರೂಮಿನ ಟೈಲ್ಸ್ ಒಡೀಬೇಕು, ಮರದ ದಪ್ಪ ಬೇರು ಕಡೀಬೇಕು, ಮೇಲಾಗಿ ಕೊಳಚೆ ಲೈನ್ ಮತ್ತೆ ಸಂಪ್ ಪಕ್ಕದಲ್ಲೇ.

ಆಗ ಹೊಳೆದಿದ್ದು, ಮನೆಯ ಇನ್ನೊಂದು ಪಕ್ಕ ಮೂರೂವರೆ ಅಡಿ ಪ್ಯಾಸೇಜ್ ಖಾಲಿ ಇದೆಯಲ್ಲ, ಅಲ್ಲಿಂದ ಸುತ್ತಿಸಿದ್ರೆ ಹೇಗೆ. ಉದ್ದ 44 ಅಡಿ ಆಗತ್ತೆ. ಮೇಸ್ತ್ರಿ, ಆಗಲ್ಲ ಅಮ್ಮಾ, ವಾಟ ಸಾಲಲ್ಲ ಅಂದ್ರು. ನಾನು ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರು ತುಂಬಿದ ಟ್ಯೂಬು) ತಗೊಂಡು ನಮ್ಮನೆಯವರ ಕೈಲಿ ಒಂದು ತುದಿ ಹಿಡ್ಸಿ ಅಳೆದೆ, ಹಿಂದಿನ ಚೇಂಬರ್ ತಳಕ್ಕೂ ಮುಂದಿನ ಚೇಂಬರ್ ತಳಕ್ಕೂ 10 ಇಂಚು ವ್ಯತ್ಯಾಸ. ಕೆಲಸದೋರ ಹಳೇ ಲೆಕ್ಕ ಏನಂದ್ರೆ 4 ಇಂಚ್ ಪೈಪಿಗೆ 40ಕ್ಕೆ 1 ಇಳಿಜಾರು, ಅಂದ್ರೆ 40 ಇಂಚ್ ಉದ್ದಕ್ಕೆ 1 ಇಂಚ್ ಇಳೀಬೇಕು, 6 ಇಂಚಿಗೆ 60ಕ್ಕೆ 1. 44 ಅಡಿ ಅಂದ್ರೆ 528 ಇಂಚು. 4 ಇಂಚ್ ಪೈಪ್ ಹಾಕಿದ್ರೆ 13 ಇಂಚ್ ಮೇಲೆ ಬೇಕು, ನಮ್ಮ ಹತ್ರ ಇಲ್ಲ. 6 ಇಂಚಿಗೆ 9 ಇಂಚಿಗಿಂತ ಸ್ವಲ್ಪ ಕಮ್ಮಿ ಸಾಕು, ನಮ್ಮ ಹತ್ರ 10 ಇದೆ. ಪೇಪರ್ ಮೇಲೆ ಬರೆದು ತೋರಿಸ್ದಾಗ ಮೇಸ್ತ್ರಿ ಸ್ವಲ್ಪ ಹೊತ್ತು ನೋಡಿ, ಸರಿ ಅಮ್ಮಾ ಕೂರತ್ತೆ ಅಂದ್ರು. ಪೈಪ್ ಸೈಜ್ ಬದಲಿಸಿದ್ದಕ್ಕೆ ದಾರಿ ಬದಲಿಸಕ್ಕಾಯ್ತು, ಟೈಲ್ಸೂ ಉಳೀತು ಮರಾನೂ ಉಳೀತು. ಇನ್ನೊಂದು ಲಾಭ ನಾನು ಮೊದಲು ಯೋಚ್ನೆ ಮಾಡಿರ್ಲಿಲ್ಲ, ಹೊಸ ಲೈನ್ ಮುಗಿಯೋ ತನಕ ಹಳೇದು ನಡೀತಾ ಇರತ್ತೆ, ವಯಸ್ಸಾದೋರು ಇರೋ ಮನೇಲಿ ಟಾಯ್ಲೆಟ್ ಬಂದ್ ಆಗಿದ್ದು ಒಂದು ಮಧ್ಯಾಹ್ನ ಮಾತ್ರ.

ಪೈಪ್ ತಗೊಳ್ಳುವಾಗ ಅಂಗಡೀಲಿ ಬೂದು ಬಣ್ಣದ ಎಸ್‌ಡಬ್ಲ್ಯುಆರ್ ಪೈಪೇ ಕೊಡಕ್ಕೆ ನೋಡಿದ್ರು. ಅದು ಗೋಡೆ ಮೇಲೆ ಇಳಿಸೋ ಲೈನಿಗೆ. ನೆಲದೊಳಗೆ ಹೂಳಕ್ಕೆ ಅಂತಲೇ ಇಟ್ಟಿಗೆ ಬಣ್ಣದ ಯುಪಿವಿಸಿ ಪೈಪ್ ಬೇರೆ ಬರತ್ತೆ, ಅದರ ಮೇಲೆ ಎಸ್‌ಎನ್4, ಎಸ್‌ಎನ್8 ಅಂತ ಪ್ರಿಂಟ್ ಇರತ್ತೆ, ನಂಬರ್ ಜಾಸ್ತಿ ಆದಷ್ಟೂ ಮೇಲಿನ ಭಾರ ತಡ್ಕೊಳ್ಳತ್ತೆ. ಪ್ಯಾಸೇಜಿಗೆ ಎಸ್‌ಎನ್4, ಕಾರ್ ನಿಲ್ಸೋ ಜಾಗಕ್ಕೆ ಎಸ್‌ಎನ್8, ಎರಡೂ 160 ಎಂಎಂ (ನಾನು ಹೇಳಿದ 6 ಇಂಚಿಂದೇ), ರಬ್ಬರ್ ರಿಂಗ್ ಜಾಯಿಂಟಿಂದು.

ಕೆಲಸ ಐದು ದಿನ ಹಿಡೀತು, ಇಬ್ಬರು ಅಗೆಯೋರು ಒಬ್ಬರು ಮೇಸ್ತ್ರಿ. ಕಾವೇರಿ ನೀರಿನ ಪೈಪ್ ಒಂದು ಕಡೆ ಅಡ್ಡ ಬಂತು, ಅದನ್ನ ಮೇಲೇ ಉಳಿಸ್ಕೊಂಡು ಸ್ಯಾನಿಟರಿ ಅದರ ಕೆಳಗೆ ಹೋಗೋ ಹಾಗೆ ಮಾಡ್ಸಿದೆ, ನೀರಿನ ಪೈಪಿಗೆ ಆ ಜಾಗದಲ್ಲಿ ದೊಡ್ಡ ಪೈಪ್ ತುಂಡಿನ ಕವಚ ಹಾಕ್ಸಿದೆ. ಲೈನ್ ತಿರುಗೋ ಎರಡೂ ಕಡೆ ಹೊಸ ಚೇಂಬರ್, 90 ಡಿಗ್ರಿ ಬೆಂಡ್ ಎಲ್ಲೂ ಇಲ್ಲ. ಚೇಂಬರ್ ತಳಾನ ಚಪ್ಪಟೆ ಬಿಡ್ಬೇಡಿ, ಪೈಪಿಂದ ಪೈಪಿಗೆ ಅರ್ಧ ದುಂಡಗೆ ಕಾಲುವೆ ಮಾಡಿ ಎರಡೂ ಪಕ್ಕ ಇಳಿಜಾರಾಗಿ ಗಾರೆ ಸವರಿಸ್ಬೇಕು, ಇಲ್ಲಾಂದ್ರೆ ಹೊಲಸು ಅಲ್ಲೇ ಕೂರತ್ತೆ.

ಇಳಿಜಾರು ನೋಡಕ್ಕೆ ನಾನು ಮಾಡ್ಕೊಂಡಿದ್ದು ಒಂದು ಸರಳ ಸಾಧನ. 44 ಅಡಿಗೆ 10 ಇಂಚು ಅಂದ್ರೆ 4 ಅಡಿಗೆ 23 ಮಿಲಿಮೀಟರ್, ಅದಕ್ಕೆ 4 ಅಡಿ ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿ ಕೆಳಗೆ ಅಷ್ಟೇ ದಪ್ಪದ ಮರದ ತುಂಡು ಟೇಪಲ್ಲಿ ಸುತ್ತಿದೆ. ಆ ತುದಿ ನೀರು ಹೋಗೋ ಕಡೆಗಿಟ್ಟು ಪೈಪ್ ಮೇಲೆ ಪಟ್ಟಿ ಕೂರಿಸಿ ಮೇಲೆ ರಸಮಟ್ಟ ಇಡೋದು, ಗುಳ್ಳೆ ಮಧ್ಯಕ್ಕೆ ಬಂದ್ರೆ ವಾಟ ಸರಿ. ಎರಡನೇ ದಿನ ನಾನು ಒಳಗೆ ಅಡುಗೆ ಮಾಡ್ತಿದ್ದಾಗ ಮೂರನೇ ಪೈಪ್ ಕಣ್ಣಳತೇಲಿ ಕೂರಿಸಿ ಮಣ್ಣು ಎಳೀತಿದ್ರು. ಬಂದು ಪಟ್ಟಿ ಇಟ್ಟು ನೋಡ್ದೆ, ಗುಳ್ಳೆ ತುದಿಗೆ ಓಡಿತು. ಪೈಪ್ ಅರ್ಧ ಇಂಚು ಹಿಂದಕ್ಕೆ ವಾಟ. ಮೇಸ್ತ್ರಿ ಮುಖ ಸಣ್ಣದಾಯ್ತು, ಆದ್ರೂ ತೆಗೆಸಿ ಕೆಳಗಿನ ಎಂ ಸ್ಯಾಂಡ್ ಸರಿ ಮಾಡಿಸಿ ಮತ್ತೆ ಕೂರಿಸಿದ್ವಿ. ನಾಲ್ಕು ಇಂಚು ಎಂ ಸ್ಯಾಂಡ್ ಹಾಸಿಗೆ, ರಬ್ಬರ್ ರಿಂಗ್ ಬರೋ ಕಾಲರ್ ಜಾಗದಲ್ಲಿ ಮರಳನ್ನ ಸ್ವಲ್ಪ ಕೆರೆದು ತಗ್ಗು ಮಾಡ್ಬೇಕು, ಇಲ್ಲಾಂದ್ರೆ ಪೈಪ್ ಪೂರ್ತಿ ಕಾಲರ್ ಮೇಲೇ ನಿಂತು ಮಧ್ಯದಲ್ಲಿ ಜೋತು ಬೀಳತ್ತೆ. ಹಳೇ ಲೈನ್ ಹಾಗೆ ಆಗಿದ್ದಕ್ಕೆ ಕೆಳಗೆ ಹಾಸಿಗೆನೇ ಇಲ್ದೆ ಇದ್ದಿದ್ದೂ ಒಂದು ಕಾರಣ, ಅಗೆದಾಗ ನೋಡಿದ್ವಿ, ಬರೀ ಕಟ್ಟಡದ ಕಸ ಕಲ್ಲು ತುಂಬಿದ್ರು.

ಮಣ್ಣು ಮುಚ್ಚೋಕೆ ಮುಂಚೆ ಮತ್ತೆ ಅದೇ ಸೀಮೆಸುಣ್ಣದ ಪರೀಕ್ಷೆ. ಕೆಳಗಿನ ಬಾಯಿ ಮುಚ್ಚಿ, ನೀರು ತುಂಬಿ, ಗೆರೆ ಹಾಕಿ ಒಂದು ಗಂಟೆ ಕಾದ್ವಿ. ಗೆರೆ ಕದಲ್ಲಿಲ್ಲ. ಆಮೇಲೆ ಪೈಪಿನ ಅಕ್ಕಪಕ್ಕ ಮೇಲೆ ಎಲ್ಲಾ ಎಂ ಸ್ಯಾಂಡ್, ಅದರ ಮೇಲೆ ಕಲ್ಲು ಆರಿಸಿದ ಮಣ್ಣು, ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಸಿದ್ವಿ.

ಸಂಪ್ ಪಕ್ಕದ ಹಳೇ ಪೈಪ್ ತೆಗೆದಾಗ ಒಳಗಿಂದ ಬಂದ ಬೇರಿನ ಗೊಂಚಲು ಮೊಣಕೈ ಉದ್ದ ಇತ್ತು, ಒತ್ತಾಗಿ ಹೆಣೆದ ಜಡೆ ಥರ, ಪೈಪಿನ ದುಂಡು ಆಕಾರ ಹಾಗೇ ಇತ್ತು. ಕೆಳಗಿನ ಮಣ್ಣು ಕಪ್ಪಾಗಿ ಪೇಸ್ಟ್ ಆಗಿತ್ತು, ಅದನ್ನ ಎರಡು ಅಡಿ ತನಕ ತೆಗೆಸಿ ಹೊಸ ಮಣ್ಣು ತುಂಬಿಸ್ದೆ. ರೂಮಿನ ಕೆಳಗಿನ ಹಳೇ ಲೈನಿಗೆ ಎರಡೂ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಸಿದೆ, ಬಿಟ್ರೆ ಇಲಿ ಜಿರಳೆ ಮನೆ ಮಾಡ್ತವೆ. ಸಂಪ್ ಖಾಲಿ ಮಾಡಿ ಉಜ್ಜಿಸಿ, ಒಳಗೆ ಸಣ್ಣ ಬಿರುಕು ಕಂಡಿದ್ದಕ್ಕೆ ವಾಟರ್‌ಪ್ರೂಫಿಂಗ್ ಮಾಡ್ಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ ಹೊಸ ನೀರು ಬಿಟ್ವಿ.

ಖರ್ಚು ಸಂಪ್ ಕೆಲಸ ಬಿಟ್ಟು ಒಟ್ಟು 78 ಸಾವಿರ ಆಯ್ತು, ಕ್ಯಾಮೆರಾ ಜೆಟ್ಟಿಂಗ್ ಸೇರಿ. ನಮ್ಮ ಲೈನ್ ತಗ್ಗಿಲ್ದೆ ನೇರವಾಗಿದ್ದು, ಪೂರ್ತಿ ಮನೆ ಕೆಳಗೇ ಹೋಗಿ, ಸುತ್ತಿಸಕ್ಕೆ ಪ್ಯಾಸೇಜೂ ಇಲ್ದಿದ್ರೆ ನಾನೂ ಲೈನಿಂಗೇ ಮಾಡ್ಸ್ತಿದ್ದೆ, ತಮ್ಮನಿಗೂ ಅದನ್ನೇ ಹೇಳ್ದೆ. ಯಾರ ಮಾತು ಕೇಳೋಕೂ ಮುಂಚೆ ಕ್ಯಾಮೆರಾ ಹಾಕ್ಸಿ, ವಿಡಿಯೋ ನಿಮ್ಮ ಫೋನಿಗೆ ಇಸ್ಕೊಳ್ಳಿ, ಎರಡೂ ತುದಿಯ ಮಟ್ಟ ನೀವೇ ಅಳೀರಿ.

ಹೊಸ ಲೈನ್ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ, ಚೇಂಬರ್ ಎಲ್ಲೆಲ್ಲಿ ಅಂತ ನಕ್ಷೆ ಬರೆದು ಲ್ಯಾಮಿನೇಟ್ ಮಾಡ್ಸಿ ಕರೆಂಟ್ ಮೀಟರ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿದ್ದೀನಿ. ಸಂಪ್ ತುಂಬಿ ಹತ್ತು ದಿನ ಆದ ಮೇಲೆ ಎಚ್‌ಟೂಎಸ್ ಬಾಟಲ್ ಮತ್ತೆ ಇಟ್ಟಿದ್ದೆ. ಎರಡು ದಿನ ಕಳೆದ್ರೂ ಕಪ್ಪಾಗ್ಲಿಲ್ಲ, ಇನ್ನೂ ಒಂದಿನ ಜಾಸ್ತಿನೇ ಇಟ್ಟು ನೋಡಿ ಆಮೇಲೆ ಕ್ಯಾನ್ ತರ್ಸೋದು ನಿಲ್ಸಿದೆ.