ಮೋರಿ ನೋಡುವ ಮುಂಚೆ ಮಣ್ಣು ನೋಡಿ

ಚಿಕ್ಕಮಗಳೂರಿನಲ್ಲಿ ರಸ್ತೆ ಕುಸಿದರೆ ಎಲ್ಲರೂ ಮೊದಲು ಬೈಯುವುದು ಮಳೆಗೆ. ಆಮೇಲೆ ಕಂಟ್ರಾಕ್ಟರಿಗೆ. ನಾನು ರಸ್ತೆ, ಚರಂಡಿ ಕೆಲಸದಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಈಗಲೂ ಬಡಾವಣೆಯ ಹುಡುಗರು ಬಂದು "ಅಂಕಲ್, ನಮ್ಮ ರೋಡ್ ಯಾಕೋ ಕೂತಿದೆ, ಒಂಚೂರು ನೋಡಿ ಬನ್ನಿ" ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಡಾಂಬರಿನದು ಏನೂ ತಪ್ಪಿರುವುದಿಲ್ಲ. ಅದರ ಕೆಳಗೆ, ನೀರನ್ನು ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಿಸುವ ಒಂದು ಹಳೇ ಮೋರಿ ಇರುತ್ತದೆ. ಅದು ಅಲ್ಲಿದೆ ಅನ್ನೋದೇ ಬೀದಿಯವರಿಗೆ ಮರೆತುಹೋಗಿರುತ್ತದೆ.

ಸುಣ್ಣದ ಕಲ್ಲಿನ ನೆಲ ಇರುವ ದೇಶಗಳಲ್ಲಿ ಕಲ್ಲೇ ಕರಗಿ ಗುಂಡಿ ಬೀಳುತ್ತದೆ. ನಮ್ಮೂರಿನ ಅಡಿಯಲ್ಲಿ ಇರುವುದು ಗಟ್ಟಿ ಬಂಡೆ, ಮೇಲೆ ಕೆಮ್ಮಣ್ಣು. ಇಲ್ಲಿ ರಸ್ತೆ ಬಾಯಿಬಿಟ್ಟರೆ ಮಣ್ಣು ಯಾವುದೋ ಸಂದಿಯಿಂದ ಎಲ್ಲಿಗೋ ಹೋಗಿದೆ ಅಂತಲೇ ಅರ್ಥ. ಹಾಗಾಗಿ ಮೋರಿ ಪರೀಕ್ಷೆ ಅಂದರೆ ಮೋರಿ ಗಟ್ಟಿ ಇದೆಯಾ ಅಂತ ನೋಡುವುದಷ್ಟೇ ಸಾಲದು. ಮಣ್ಣು ಎಲ್ಲಿಂದ ಹೊರಟಿದೆ, ಎಲ್ಲಿ ಬಂದು ಬೀಳುತ್ತಿದೆ ಅಂತ ಹುಡುಕಬೇಕು.

ಅದು ಹೊರಡುವ ಬಗೆ ಹೀಗೆ. ಜೋರು ಮಳೆಗೆ ಮೋರಿ ತುಂಬಿ ಹರಿಯುತ್ತದೆ. ಒಳಗಿನ ನೀರು ಒತ್ತಡಕ್ಕೆ ಸಂದಿಗಳಿಂದ ಆಚೆ ನುಗ್ಗಿ ಸುತ್ತಲಿನ ಮಣ್ಣನ್ನು ನೆನೆಸುತ್ತದೆ. ಮಳೆ ನಿಂತು ಮೋರಿಯ ನೀರು ಇಳಿದಾಗ, ಹೊರಗೆ ಹೋಗಿದ್ದ ನೀರು ಅದೇ ಸಂದಿಯಿಂದ ವಾಪಸ್ ಬರುತ್ತದೆ. ಬರುವಾಗ ಸಣ್ಣ ಮಣ್ಣನ್ನು ಎಳೆದುಕೊಂಡು ಬರುತ್ತದೆ. ಪ್ರತಿ ಮಳೆಗೂ ಇದೇ ಕತೆ. ಮೋರಿಯ ನೆತ್ತಿಯ ಮೇಲೆ ಟೊಳ್ಳು ಶುರುವಾಗಿ ಮೆಲ್ಲಗೆ ಮೇಲಕ್ಕೆ ಏರುತ್ತದೆ. ಅಡಿ ಹರಿದ ಕಾಫಿ ಮೂಟೆ ಮೇಲಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದಲ್ಲ, ರಸ್ತೆಯೂ ಹಾಗೆ. ಡಾಂಬರು ಕೊನೆಯವರೆಗೂ ಮೇಲೆ ನಿಂತಿರುತ್ತದೆ. "ಮಳೆ ನಿಂತು ಎರಡು ದಿನ ಆಯ್ತು, ಬಿಸಿಲು ಬಂದಿದೆ, ಈಗ ಯಾಕೆ ಕುಸೀತು?" ಅಂತ ಜನ ಕೇಳುವುದಕ್ಕೆ ಉತ್ತರ ಇದೇ.

ಮೊದಲ ಕೆಲಸ ಮೋರಿ ಎಲ್ಲಿದೆ ಅಂತ ತಿಳಿಯುವುದು. ನಮ್ಮೂರು ಬೆಳೆದದ್ದು ಕೆರೆಗಳ ನಡುವೆ. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ. ಕೆರೆಗೆ ಬರುವ ಹಳ್ಳ, ಕೋಡಿಯಿಂದ ಹೋಗುವ ಕಾಲುವೆ ಇದ್ದ ಕಡೆಯೆಲ್ಲ ಮೇಲೆ ರಸ್ತೆ ಬಂದಿರಬಹುದು, ಕೆಳಗೆ ಮೋರಿ ಉಳಿದಿರಬಹುದು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ಹಳೇ ಸರ್ವೆ ನಕ್ಷೆಯ ಹಳ್ಳ, ಕಾಲುವೆ ಗೆರೆಗಳು ಕಾಣುತ್ತವೆ. ಆ ಗೆರೆ ರಸ್ತೆಯನ್ನು ದಾಟುವ ಕಡೆ ಹೋಗಿ ನಿಂತು ಎರಡೂ ಬದಿ ನೋಡಿ. ಬೀದಿಯ ಹಿರಿಯರನ್ನೂ ಕೇಳಿ. "ಇಲ್ಲೊಂದು ಕಲ್ಲಿನ ಮೋರಿ ಇತ್ತು, ನಾವು ಅದರ ಕಟ್ಟೆ ಮೇಲೆ ಕೂರ್ತಿದ್ವಿ" ಅನ್ನುವ ಅಜ್ಜ ಯಾವ ಫೈಲಿಗಿಂತಲೂ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ಯಾವ ಜಾತಿಯ ಮೋರಿ ಅಂತಲೂ ಬರೆದುಕೊಳ್ಳಿ. ತೀರಾ ಹಳೆಯವು ಸುಣ್ಣದ ಗಾರೆಯ ಕಲ್ಲು ಕಟ್ಟಡ, ಮೇಲೆ ಕಲ್ಲು ಚಪ್ಪಡಿ. ಇವುಗಳಲ್ಲಿ ಚಪ್ಪಡಿ ಸಾಮಾನ್ಯವಾಗಿ ಮುರಿಯುವುದಿಲ್ಲ, ಗಾರೆ ತೊಳೆದುಹೋಗಿ ಕಲ್ಲುಗಳ ನಡುವೆ ಸಂದಿ ಬೀಳುತ್ತದೆ. ಆಮೇಲಿನವು ಹ್ಯೂಮ್ ಪೈಪು, ಅಂದರೆ ಕಂಬಿ ಹಾಕಿದ ದುಂಡನೆಯ ಕಾಂಕ್ರೀಟ್ ಪೈಪು. ಒಂದೊಂದು ಪೈಪು ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದ. ಹತ್ತು ಮೀಟರ್ ರಸ್ತೆಯ ಕೆಳಗೆ ಏನಿಲ್ಲವೆಂದರೂ ಮೂರು ಜೋಡಣೆ ಇರುತ್ತವೆ. ತೊಂದರೆ ಪೈಪಿಗಿಂತ ಜೋಡಣೆಯಲ್ಲೇ ಜಾಸ್ತಿ. ಇತ್ತೀಚಿನ ಕಾಂಕ್ರೀಟ್ ಬಾಕ್ಸ್ ಮೋರಿಗಳು ಸ್ವಲ್ಪ ವಾಸಿ, ಆದರೆ ಎಷ್ಟೋ ಕಡೆ ಅವುಗಳ ಪಕ್ಕದಲ್ಲಿ ತುಂಬಿದ ಮಣ್ಣನ್ನು ಸರಿಯಾಗಿ ದಮ್ಮಸ್ಸು (ಬಡಿದು ಗಟ್ಟಿ) ಮಾಡಿರುವುದಿಲ್ಲ. ಹಳೇ ಮೋರಿ ಕಟ್ಟುವಾಗ ಎತ್ತಿನ ಗಾಡಿ, ಸಣ್ಣ ಲಾರಿ ಲೆಕ್ಕ ಇತ್ತು. ಲಾರಿಯ ನಾಲ್ಕು ಟೈರಿನ ಒಂದು ಆಕ್ಸಲ್ (ಅಚ್ಚು) ಮೇಲೆ ಹೊರಬಹುದಾದ ತೂಕವನ್ನೇ 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಿದ್ದಾರೆ. ಟಿಂಬರ್ ಲಾರಿ, ಜಲ್ಲಿ ಟಿಪ್ಪರ್ ಓಡಾಡುವ ರಸ್ತೆ ಆಗಿದ್ದರೆ ಆ ಮೋರಿಯನ್ನು ಪಟ್ಟಿಯಲ್ಲಿ ಮೊದಲು ಇಡಿ.

ನೋಡಲು ಒಳ್ಳೆಯ ಕಾಲ ಏಪ್ರಿಲ್, ಮೇ. ಹೂಳು ಒಣಗಿರುತ್ತದೆ, ಗೋಡೆ ಕಾಣುತ್ತದೆ, ರಿಪೇರಿಗೂ ಸಮಯ ಸಿಗುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆ ಆದ ಮಾರನೇ ದಿನ ಇನ್ನೊಂದು ಸಲ. ಈ ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ನನಗೆ ಕೇಳಿದರೆ ಅದೇ ಮುಖ್ಯ, ಯಾಕೆಂದರೆ ಮಣ್ಣು ಹೊರಗೆ ಬಂದು ಬಿದ್ದಿರುವುದು ಅವತ್ತೇ ಕಾಣುವುದು.

ಮೋರಿಯ ಕೆಳಬಾಯಿಗೆ, ಅಂದರೆ ನೀರು ಹೊರಬೀಳುವ ಕಡೆಗೆ, ಹೋಗಿ ನೋಡಿ. ಊರಿನ ಚರಂಡಿಯ ಹೂಳು ಕಪ್ಪಗಿರುತ್ತದೆ, ನಾರುತ್ತದೆ, ಪ್ಲಾಸ್ಟಿಕ್ಕು ಸೇರಿರುತ್ತದೆ. ಅದು ಇದ್ದದ್ದೇ. ಆದರೆ ಕಪ್ಪು ಹೂಳಿನ ಮೇಲೆ ಹೊಸದಾಗಿ ಕೆಮ್ಮಣ್ಣೋ, ಮರಳು ಮಿಶ್ರಿತ ಗ್ರಾವೆಲ್ಲೋ ಬೀಸಣಿಗೆ ಆಕಾರದಲ್ಲಿ ಹರಡಿದ್ದರೆ ಹುಷಾರಾಗಬೇಕು. ಮೇಲ್ಗಡೆ ಬಾಯಿಗೆ ಹೋಗಿ ನೋಡಿ. ಅಲ್ಲಿ ಯಾರಾದರೂ ಪಾಯ ತೋಡಿದ್ದಾರಾ, ಸೈಟು ಮಟ್ಟ ಮಾಡಿದ್ದಾರಾ, ತೋಟದ ಮಣ್ಣು ಕೊಚ್ಚಿ ಬರುತ್ತಿದೆಯಾ? ಹಾಗೇನೂ ಇಲ್ಲದೆ ಕೆಳಗೆ ಮಾತ್ರ ಕೆಂಪು ಮಣ್ಣು ಬಿದ್ದಿದ್ದರೆ ಅದು ನಡುವೆ, ರಸ್ತೆಯ ಹೊಟ್ಟೆಯಿಂದಲೇ ಬಂದದ್ದು. ಒಂದು ಬಾಣಲೆ ಮಣ್ಣು ಹೊರಗೆ ಬಂದಿದ್ದರೆ ಒಳಗೆ ಅಷ್ಟೇ ಜಾಗ ಖಾಲಿಯಾಗಿದೆ. ಲೆಕ್ಕ ಅಷ್ಟು ಸುಲಭ.

ಕೆಳಬಾಯಿಯ ಗೋಡೆಯನ್ನೂ ನೋಡಿ. ಗೋಡೆ ಮುಂದಕ್ಕೆ ವಾಲಿದೆಯಾ, ಪೈಪಿಗೂ ಗೋಡೆಗೂ ನಡುವೆ ಸಂದಿ ಬಿದ್ದಿದೆಯಾ, ನೀರು ಬೀಳುವ ಜಾಗದ ಕಲ್ಲುಹಾಸು ಕೊಚ್ಚಿಹೋಗಿದೆಯಾ. ಮುಖ್ಯವಾಗಿ, ನೀರು ಪೈಪಿನ ಒಳಗಿಂದ ಬರುತ್ತಿದೆಯೋ, ಪೈಪಿನ ಹೊರಮೈ ಹಿಡಿದು ಬರುತ್ತಿದೆಯೋ ಅಂತ ಗಮನಿಸಿ. ಹೊರಮೈ ಹಿಡಿದು ಬರುತ್ತಿದ್ದರೆ ಆ ರಸ್ತೆಯ ಮೇಲೆ ಭಾರಿ ವಾಹನ ಬಿಡಬಾರದು. ಅವತ್ತೇ ನಗರಸಭೆಯ ಜೂನಿಯರ್ ಎಂಜಿನಿಯರಿಗೆ ಹೇಳಿ.

ಇನ್ನು ರಸ್ತೆಯ ಮೇಲೆ. ಅರ್ಧ ದುಂಡಗಿನ ಬಿರುಕು, ಮಳೆ ನಿಂತಮೇಲೂ ನೀರು ನಿಲ್ಲುವ ತಗ್ಗು, ಒಂದೇ ಜಾಗದಲ್ಲಿ ತೇಪೆ ಮೇಲೆ ತೇಪೆ. ಮೂರನೆಯದರ ಬಗ್ಗೆ ನನಗೆ ಸಿಟ್ಟಿದೆ. ಪ್ರತಿ ವರ್ಷ ಹಬ್ಬದ ಮುಂಚೆ ಒಂದೇ ಜಾಗಕ್ಕೆ ಡಾಂಬರು ಸುರಿಯುವವರಿಗೆ, ಹೋದ ವರ್ಷದ ಡಾಂಬರು ಎಲ್ಲಿ ಹೋಯಿತು ಅಂತ ಕೇಳಬೇಕು ಅನ್ನಿಸುವುದಿಲ್ಲವಾ? ತಗ್ಗು ಎಷ್ಟು ಆಳ ಅಂತ ಅಳೆಯಲು ಗಾರೆ ಕೆಲಸದವರ ಉದ್ದದ ಅಲ್ಯೂಮಿನಿಯಂ ಪಟ್ಟಿ ಸಾಕು. ಅದನ್ನು ರಸ್ತೆಯ ಉದ್ದಕ್ಕೆ ಇಡಿ. ಅಡ್ಡಡ್ಡ ಇಟ್ಟರೆ ರಸ್ತೆಯ ನಡು ಏರು ಇರುವುದರಿಂದ ಲೆಕ್ಕ ತಪ್ಪುತ್ತದೆ. ಪಟ್ಟಿಯ ಕೆಳಗಿನ ಸಂದಿಯನ್ನು ಸ್ಕೇಲಿನಲ್ಲಿ ಅಳೆದು ತಾರೀಕಿನ ಜೊತೆ ಬರೆದಿಡಿ. ಒಂದು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಅಳೆಯಿರಿ. ಹಾರೆಯ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತಾ ಬಂದರೆ ಟೊಳ್ಳಿನ ಮೇಲೆ ಸದ್ದು ಬದಲಾಗುತ್ತದೆ. ಸದ್ದು ಬದಲಾದ ಕೂಡಲೇ ಹಿಂದಕ್ಕೆ ಬನ್ನಿ, ಅದರ ಮೇಲೆ ನಿಂತು ಇನ್ನಷ್ಟು ತಟ್ಟಬೇಡಿ. ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚಿ ನೋಡುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಮೆಸ್ಕಾಂನ ಕರೆಂಟ್ ಕೇಬಲ್ ಎಲ್ಲಿದೆ ಅಂತ ಗೊತ್ತಿರುವವರು ಜೊತೆಗಿದ್ದಾಗ ಅದನ್ನು ಮಾಡಬಹುದು.

ಮೋರಿಯ ಒಳಗೆ ಇಳಿಯಬೇಡಿ. ಯಾರನ್ನೂ ಇಳಿಸಲೂ ಬೇಡಿ. ಮಳೆನೀರಿನ ಮೋರಿ ಅಂತ ಹೇಳಿದರೂ ಎಷ್ಟೋ ಮನೆಗಳ ಕಕ್ಕಸಿನ ನೀರು ಅದಕ್ಕೇ ಬಂದಿರುತ್ತದೆ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾತ ಹೊಡೆಯುತ್ತದೆ. ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. "ವಾಸನೆ ಹೋಯ್ತು, ಇಳೀಬಹುದು" ಅಂದವರು ವಾಪಸ್ ಬಂದಿಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿ ಸ್ವಚ್ಛ ಮಾಡಲು ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ಇಳಿಯದೆಯೇ ಬೇಕಾದಷ್ಟು ನೋಡಬಹುದು. ಬಿಸಿಲಿರುವ ಹೊತ್ತಿನಲ್ಲಿ ಒಬ್ಬರು ಒಂದು ಬಾಯಿಯಲ್ಲಿ ಕನ್ನಡಿ ಹಿಡಿದು ಬೆಳಕನ್ನು ಪೈಪಿನ ಒಳಗೆ ಬಿಡಲಿ. ಇನ್ನೊಬ್ಬರು ಆ ಕಡೆಯ ಬಾಯಿಂದ ನೋಡಲಿ. ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪು ನೆಟ್ಟಗಿದೆ. ಅರ್ಧಚಂದ್ರ ಕಂಡರೆ ಹೂಳು ತುಂಬಿದೆ, ಇಲ್ಲವೇ ನಡುವೆ ಒಂದು ಪೈಪು ಕುಸಿದು ಕೂತಿದೆ. ಆಮೇಲೆ ಉದ್ದದ ಪಿವಿಸಿ ಪೈಪಿನ ತುದಿಗೆ ಫೋನು, ಟಾರ್ಚು ಕಟ್ಟಿ ವಿಡಿಯೋ ಮಾಡಿ. ಪ್ರತಿ ಜೋಡಣೆಯ ಹತ್ತಿರ ನಿಲ್ಲಿಸಿ, ಮೆಲ್ಲಗೆ ತಿರುಗಿಸಿ. ಅವಸರದಲ್ಲಿ ಎಳೆದ ವಿಡಿಯೋದಲ್ಲಿ ಏನೂ ಕಾಣುವುದಿಲ್ಲ. ನೆತ್ತಿಯಲ್ಲಿ ತುಕ್ಕು ಹಿಡಿದ ಕಂಬಿ, ಜೋಡಣೆಯಿಂದ ಇಳಿದ ಕೆಂಪು ಗೆರೆ, ಒಳಗೆ ಇಳಿಬಿದ್ದ ಆಲ, ಅರಳಿಯ ಬೇರು ಇವೆಯಾ ಅಂತ ಹುಡುಕಿ. ಬೇರು ಬರುವಷ್ಟು ಸಂದಿ ಇದ್ದರೆ ಮಣ್ಣು ಹೋಗುವುದಕ್ಕೂ ಸಂದಿ ಇದೆ. ಇನ್ನೊಂದು, ಮೋರಿಯ ಗೋಡೆ ಒಡೆದು ಅಡ್ಡ ತೂರಿಸಿದ ನೀರಿನ ಪೈಪು, ಇಂಟರ್ನೆಟ್ ಕೇಬಲ್ಲು. ತೂತು ಕೊರೆದು ಪೈಪು ಹಾಕುತ್ತಾರೆ, ಸುತ್ತ ಗಾರೆ ಮೆತ್ತುವುದಿಲ್ಲ. ನನ್ನ ಲೆಕ್ಕದಲ್ಲಿ ಹಳೇತನಕ್ಕಿಂತ ದೊಡ್ಡ ಶತ್ರು ಇದು.

ಮಳೆಯೇ ಇಲ್ಲದ ದಿನ ಮೋರಿಯಲ್ಲಿ ತಿಳಿನೀರು ಸಣ್ಣಗೆ ಹರಿಯುತ್ತಿದ್ದರೆ ಕುಡಿಯುವ ನೀರಿನ ಪೈಪು ಒಡೆದಿರಬಹುದು. ನೀರುಗಂಟಿಯನ್ನು ಕೇಳಿ, ನಿಮ್ಮ ಬೀದಿಗೆ ನೀರು ಬಿಡುವ ದಿನ ಯಾವುದು ಅಂತ. ಬಿಡುವ ಮುಂಚೆ ಒಮ್ಮೆ, ಬಿಟ್ಟ ಒಂದು ಗಂಟೆ ಆದಮೇಲೆ ಒಮ್ಮೆ ಹೋಗಿ ನೋಡಿ. ಹರಿವು ಜಾಸ್ತಿಯಾದರೆ ಕಳ್ಳ ಸಿಕ್ಕ ಹಾಗೆ. ಕ್ಲೋರಿನ್ ನೋಡುವ ಸಣ್ಣ ಕಿಟ್ ಸಿಕ್ಕರೆ ಆ ನೀರಿಗೆ ಹಾಕಿ ನೋಡಿ, ಕಿಟ್‌ನಲ್ಲಿ ಹೇಳಿದ ಬಣ್ಣ (ಹಳದಿ ಇಲ್ಲವೇ ಗುಲಾಬಿ) ಬಂದರೆ ನಲ್ಲಿ ನೀರು. ಬಣ್ಣ ಬರಲಿಲ್ಲ ಅಂತ ಸುಮ್ನೆ ಬಿಡಬೇಡಿ, ಮಣ್ಣಿನಲ್ಲಿ ಹರಿದು ಬರುವಾಗ ಕ್ಲೋರಿನ್ ಕಳೆದುಹೋಗುತ್ತದೆ.

ಗೋಡೆಯ ಬಿರುಕು ಹಳೆಯದೋ, ಬೆಳೆಯುತ್ತಿದೆಯೋ ಅಂತ ಗೊತ್ತಾಗಲು ಬಾಯಿಯ ಹತ್ತಿರ, ಕೈಗೆ ಸಿಗುವ ಕಡೆ, ಬಿರುಕಿಗೆ ಅಡ್ಡವಾಗಿ ಗಾಜಿನ ಸಣ್ಣ ಪಟ್ಟಿ ಅಂಟಿಸಿ. ಗಾಜು ಒಡೆದರೆ ಗೋಡೆ ಜರುಗುತ್ತಿದೆ. ಬಿರುಕಿನ ಎರಡೂ ತುದಿಗೆ ಪೇಂಟಿನಲ್ಲಿ ಗೆರೆ ಎಳೆದು ತಾರೀಕು ಹಾಕಿ.

ಹೀಗೆ ಅಳತೆ, ತಾರೀಕು ಬರೆದಿಡುವುದು ಯಾಕೆ ಅಂದರೆ, ಒಂದು ಸಲ ನೋಡಿ "ಸದ್ಯಕ್ಕೆ ಪರವಾಗಿಲ್ಲ" ಅಂದದ್ದು ಯಾವತ್ತಿಗೂ ಪರವಾಗಿಲ್ಲ ಅಂತ ಆಗುವುದಿಲ್ಲ. ಜಪಾನಿನ ಯಾಶಿಯೊ ಊರಿನಲ್ಲಿ 2025ರ ಜನವರಿ 28ರಂದು ರಸ್ತೆ ಕುಸಿದು ಒಂದು ಲಾರಿ ಚಾಲಕನ ಸಮೇತ ಗುಂಡಿಗೆ ಬಿತ್ತು. ಕೆಳಗಿದ್ದದ್ದು 1983ರಲ್ಲಿ ಹಾಕಿದ, 4.75 ಮೀಟರ್ ಅಗಲದ ಒಳಚರಂಡಿ ಪೈಪು. ಅದನ್ನು ಕೆಲವು ವರ್ಷ ಹಿಂದೆ ಪರೀಕ್ಷೆ ಮಾಡಿ, ತಕ್ಷಣ ರಿಪೇರಿ ಬೇಡ ಅಂದಿದ್ದರು. ಗುಂಡಿ ದಿನದಿಂದ ದಿನಕ್ಕೆ ದೊಡ್ಡದಾಯಿತು. ಸುಮಾರು 12 ಲಕ್ಷ ಜನರಿಗೆ ನೀರು ಕಡಿಮೆ ಬಳಸಿ ಅಂತ ಹೇಳಬೇಕಾಯಿತು. ಚಾಲಕ ಬದುಕಲಿಲ್ಲ. ಅಷ್ಟು ಅಚ್ಚುಕಟ್ಟಿನ ದೇಶದಲ್ಲೇ ಹಾಗಾದರೆ ನಮ್ಮ ಕಲ್ಲು ಮೋರಿಗಳನ್ನು ವರ್ಷಕ್ಕೆ ಎರಡು ಸಲ ನೋಡುವುದು ಜಾಸ್ತಿ ಆಯಿತು ಅನ್ನಲು ಆಗುತ್ತದಾ?

ಟೊಳ್ಳು ಇರುವುದು ಖಾತ್ರಿಯಾದರೆ ಮೊದಲು ಹಗ್ಗ, ಡ್ರಮ್ಮು ಅಡ್ಡ ಇಟ್ಟು ವಾಹನ ನಿಲ್ಲಿಸಿ. ಗುಂಡಿಯ ಬಾಯಿ ಕಂಡಷ್ಟೇ ಅಗಲ ಅಂತ ನಂಬಬೇಡಿ, ಡಾಂಬರಿನ ಕೆಳಗೆ ಅದು ಇನ್ನೂ ಅಗಲ ಇರುತ್ತದೆ. ದೂರ ನಿಲ್ಲಿ, ಮಕ್ಕಳನ್ನು ಅಂಚಿಗೆ ಬಿಡಬೇಡಿ. ರಾತ್ರಿ ಆಗಿದ್ದರೆ 112ಕ್ಕೆ ಫೋನ್ ಮಾಡಿ. ನಗರಸಭೆಗೆ ಬರೆದುಕೊಡುವಾಗ "ರಸ್ತೆ ಗುಂಡಿ" ಅಂತ ಬರೆದರೆ ತೇಪೆ ಹಾಕುವವರು ಬರುತ್ತಾರೆ. "ಮೋರಿಯ ಜೋಡಣೆಯಿಂದ ಮಣ್ಣು ಸೋರಿ ರಸ್ತೆಯ ಕೆಳಗೆ ಟೊಳ್ಳಾಗಿದೆ" ಅಂತ ಬರೆಯಿರಿ. ಅಳತೆ, ತಾರೀಕು, ಫೋಟೋ, ಕೆಳಬಾಯಿಯ ಕೆಮ್ಮಣ್ಣಿನ ಫೋಟೋ ಎಲ್ಲ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ.

ರಿಪೇರಿಗೆ ಬಂದವರು ಮೇಲಿಂದ ಜಲ್ಲಿ, ಕಟ್ಟಡದ ಕಸ ಸುರಿದು ಹೊರಡಲು ನೋಡಿದರೆ ತಡೆಯಿರಿ. ಸಂದಿ ಹಾಗೇ ಇದ್ದರೆ ಮುಂದಿನ ಮಳೆಗೆ ಸುತ್ತಲಿನ ಮಣ್ಣು ಜಲ್ಲಿಯ ನಡುವೆ ನುಸುಳಿ ಮತ್ತೆ ಹೊರಡುತ್ತದೆ. ಅಗೆಯಬೇಕು, ಮೊದಲು ಜೋಡಣೆ ಮುಚ್ಚಬೇಕು, ಒಡೆದ ನೀರಿನ ಪೈಪು ಸರಿಮಾಡಬೇಕು, ಜೋಡಣೆಯ ಸುತ್ತ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಬೇಕು. ಆಮೇಲೆ ಆರೆಂಟು ಇಂಚಿಗೆ ಒಂದು ಪದರದಂತೆ ಮಣ್ಣು ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಡಾಂಬರು ಹಾಕಿ ಹೋದಮೇಲೆ ಅದೇ ಅಲ್ಯೂಮಿನಿಯಂ ಪಟ್ಟಿ ಇಟ್ಟು ಅಳತೆ ಬರೆದುಕೊಳ್ಳಿ. ಎರಡು ದೊಡ್ಡ ಮಳೆ ಆದಮೇಲೆ ಪುನಃ ಅಳೆದು, ಕೆಳಬಾಯಿಗೂ ಹೋಗಿ ಮಣ್ಣಿನ ಬಣ್ಣ ನೋಡಿ. ಅಲ್ಲಿಯವರೆಗೆ ಬಿಲ್ಲಿಗೆ ಒಪ್ಪಿಗೆ ಕೊಡಬೇಡಿ ಅಂತ ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಿ.